ನಮ್ಮ ಕುರಿ ಉಣ್ಣೆಯಲ್ಲೇ ಟೊಪ್ಪಿ ಹೆಣೆದೆ

ಚಳಿಗಾಲ ಬಂತೆಂದರೆ ಅಂಗಡಿ ಮುಂದೆ ಬಣ್ಣಬಣ್ಣದ ಉಲ್ಲನ್ ಉಂಡೆಗಳು ನೇತಾಡುತ್ತವೆ. ಅದರಲ್ಲಿ ಹೆಚ್ಚಿನವು ಉಣ್ಣೆಯೇ ಅಲ್ಲ, ಅಕ್ರಿಲಿಕ್. ಸಂಶಯವಿದ್ದರೆ ಒಂದು ಎಳೆ ಕಿತ್ತು ಬೆಂಕಿ ತಾಗಿಸಿ ನೋಡಿ. ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತದೆ.

ನಾನಿರುವುದು ಚಿತ್ರದುರ್ಗದ ಕಡೆ. ಚಳ್ಳಕೆರೆ ಕಂಬಳಿಯ ಹೆಸರು ಕೇಳದವರು ಕಡಿಮೆ. ಕಣ್ಣೆದುರೇ ಕುರಿ ಹಿಂಡು ಓಡಾಡುವ ಊರಲ್ಲಿ ಕೂತು ಪ್ಲಾಸ್ಟಿಕ್ ದಾರ ಹೆಣೆಯೋದು ನನಗೆ ಸರಿ ಕಾಣಲಿಲ್ಲ. ನಮ್ಮ ಕಡೆಯ ದಖ್ಖನಿ ತಳಿಯ ಕುರಿಯ ಉಣ್ಣೆ ನಿಟಿಂಗ್‌ಗೆ ಆಗಲ್ಲ, ಚುಚ್ಚುತ್ತೆ ಅಂತ ಎಲ್ಲರೂ ಹೇಳುತ್ತಾರೆ. ಚುಚ್ಚೋದು ನಿಜ. ಆದರೆ ಆಗಲ್ಲ ಅನ್ನೋದು ನಿಜವಲ್ಲ. ಸರಿಯಾಗಿ ಆರಿಸಿಕೊಂಡು, ಅದಕ್ಕೆ ತಕ್ಕ ವಸ್ತು ಹೆಣೆದರೆ ಆಗುತ್ತದೆ.

ಉಣ್ಣೆ ಕೇಳಿಕೊಂಡು ಹೋದಾಗ ಕುರಿ ಕಾಯುವ ಅಜ್ಜ, "ಇದನ್ನ ತಗಂಡು ಏನ್ ಮಾಡ್ತೀಯವ್ವಾ? ಕತ್ತರ್ಸೋ ಕೂಲೀನೂ ಹುಟ್ಟಲ್ಲ ಇದ್ರಲ್ಲಿ" ಅಂದರು. ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸಲೇಬೇಕು. ಕೊಳ್ಳೋರು ಇಲ್ಲದಿದ್ದರೆ ಅದು ತಿಪ್ಪೆ ಸೇರುತ್ತದೆ. ಈ ಮಾತು ಕೇಳಿದ ಮೇಲೆ ನನ್ನ ಹಟ ಇನ್ನೂ ಜಾಸ್ತಿ ಆಯಿತು. ನಾನು ಕೇಳಿದ್ದು ಮರಿ ಉಣ್ಣೆ. ಮರಿಯ ಮೈಯಿಂದ ಮೊದಲ ಸಲ ಕತ್ತರಿಸಿದ್ದು ಬೇರೆಲ್ಲದಕ್ಕಿಂತ ಮೆತ್ತಗೆ, ಬಣ್ಣವೂ ಗಾಢ ಕಪ್ಪು. ಕುರಿಗೆ ವಯಸ್ಸಾದ ಹಾಗೆ ಎಳೆ ಒರಟಾಗುತ್ತದೆ.

ಇನ್ನು ಆರಿಸೋ ಕೆಲಸ. ಇದರಲ್ಲೇ ಅರ್ಧ ಗೆದ್ದಂತೆ, ಹಾಗಾಗಿ ಇಲ್ಲಿ ಅವಸರ ಮಾಡಬೇಡಿ. ಹಳೇ ಸೀರೆ ಹಾಸಿ ಬಿಸಿಲಲ್ಲಿ ಕೂತೆ. ಹೊಟ್ಟೆ ಭಾಗದ ಉಣ್ಣೆ, ಹಿಕ್ಕೆ ಅಂಟಿದ್ದು, ಒಂದು ಬೆರಳಿನ ಅಗಲಕ್ಕಿಂತ ಗಿಡ್ಡ ಇರುವ ತುಣುಕು, ಎಲ್ಲ ಒಂದು ಕಡೆ ಹಾಕಿದೆ. ನೆಗ್ಗಿಲ ಮುಳ್ಳು ಕಣ್ಣಿಗೆ ಕಾಣುತ್ತದೆ, ಕಿತ್ತರೆ ಬರುತ್ತದೆ. ಉತ್ತರಾಣಿ ಬೀಜ ಹಾಗಲ್ಲ. ಎಳೆಯೊಳಗೆ ಮಲಗಿಬಿಟ್ಟಿರುತ್ತದೆ. ಒಂದೊಂದು ಹಿಡಿಯನ್ನೂ ಬೆಳಕಿಗೆ ಹಿಡಿದು, ಬೆರಳಲ್ಲಿ ಬಿಡಿಸಿದರೆ ಮಾತ್ರ ಸಿಗುತ್ತದೆ. ಇದನ್ನು ಬಿಟ್ಟರೆ ನೂಲೊಳಗೆ ಸೇರಿಕೊಂಡು ಹಣೆಗೇ ಚುಚ್ಚುತ್ತದೆ. ಆಮೇಲೆ "ಉಣ್ಣೆ ಚುಚ್ಚುತ್ತೆ" ಅಂತ ಬೈಸಿಕೊಳ್ಳೋದು ಪಾಪ ಕುರಿ!

ತೊಳೆಯಲು ಅಂಟುವಾಳ ಕಾಯಿ ಸಾಕು. ಮೆತ್ತನೆ ಉಣ್ಣೆಗೆ ಹೆಸರಾದ ವಿದೇಶಿ ತಳಿ ಮೆರಿನೋ ಕುರಿಯದ್ದರಷ್ಟು ಜಿಡ್ಡು ಈ ಉಣ್ಣೆಯಲ್ಲಿ ಇರೋದಿಲ್ಲ. ಉಗುರುಬೆಚ್ಚಗಿನ ನೀರಲ್ಲಿ ಅಂಟುವಾಳದ ರಸ ಬೆರೆಸಿ ಉಣ್ಣೆಯನ್ನು ಮೆಲ್ಲಗೆ ಅದ್ದಿಡಿ. ಉಜ್ಜಬಾರದು, ಹಿಂಡಬಾರದು. ಬಿಸಿನೀರಿಂದ ತೆಗೆದು ತಣ್ಣೀರಿಗೆ ಹಾಕಲೂಬಾರದು. ಉಣ್ಣೆಯ ಎಳೆ ಮೇಲೆ ಸಣ್ಣ ಸಣ್ಣ ಪದರಗಳಿರುತ್ತವೆ. ಬಿಸಿ ಮತ್ತು ಉಜ್ಜಾಟ ಎರಡೂ ಸೇರಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಉಣ್ಣೆ ಗಂಟಾಗುತ್ತದೆ, ಮತ್ತೆ ಬಿಡಿಸೋಕಾಗಲ್ಲ. ನೆರಳಲ್ಲಿ ಹರಡಿ ಒಣಗಿಸಿ.

ಒಣಗಿದ ಮೇಲೆ ಹಿಂಜಬೇಕು. ಕಂಬಳಿಯವರು ಇದಕ್ಕೆ ಬಿಲ್ಲು ಬಳಸುತ್ತಿದ್ದರು. ಮನೆಯಲ್ಲಿ ಅದೆಲ್ಲ ಕಷ್ಟ. ನಾನು ನಾಯಿಯ ಮೈ ಬಾಚುವ ತಂತಿ ಹಲ್ಲಿನ ಬ್ರಷ್ ಎರಡು ತಂದೆ, ಚೆನ್ನಾಗಿ ನಡೆಯಿತು. ಒಂದರ ಮೇಲೆ ಉಣ್ಣೆ ಹರಡಿ ಇನ್ನೊಂದರಲ್ಲಿ ಎಳೆದರೆ ಎಳೆಗಳು ಒಂದೇ ದಿಕ್ಕಿಗೆ ಬರುತ್ತವೆ. ಅದನ್ನು ಸುರುಳಿ ಸುತ್ತಿದರೆ ಹಂಜಿ ಸಿದ್ಧ.

ನೂಲೋಕೆ ಹತ್ತಿಯ ತಕಲಿ ಬೇಡ, ತೀರಾ ಹಗುರ. ಒರಟು ಉಣ್ಣೆಗೆ ಭಾರದ ಕದಿರು ಬೇಕು. ನನ್ನದು ಮರದ ಬಿಲ್ಲೆಯದು, ಸುಮಾರು 40 ಗ್ರಾಂ. ಬಲಕ್ಕೆ ತಿರುಗಿಸಿ ಎರಡು ಎಳೆ ನೂತು, ಆಮೇಲೆ ಎರಡನ್ನೂ ಸೇರಿಸಿ ಎಡಕ್ಕೆ ಹುರಿ ಮಾಡಿದೆ. ಇದನ್ನು ತಪ್ಪಿಸಬೇಡಿ. ಒಂಟಿ ಎಳೆಯಲ್ಲಿ ಹೆಣೆದರೆ ಹೆಣಿಗೆ ಒಂದು ಪಕ್ಕಕ್ಕೆ ಓರೆಯಾಗಿ ವಾಲುತ್ತದೆ. ಹುರಿ ಮಾಡಿದ ನೂಲನ್ನು ನೀರಲ್ಲಿ ನೆನೆಸಿ ನೇತುಹಾಕಿದರೆ ತಿರುವು ಕೂರುತ್ತದೆ. ಕಂಬಳಿ ನೇಯುವವರು ಮಾತ್ರ ಹಾಸಿನ ನೂಲಿಗೆ, ಅಂದರೆ ಮಗ್ಗದ ಉದ್ದೆಳೆಗೆ, ಹುಣಸೆ ಬೀಜದ ಅಂಟು ಹಚ್ಚುತ್ತಾರೆ, ಮಗ್ಗದ ಎಳೆತ ತಡೆಯಬೇಕಲ್ವಾ, ಅದಕ್ಕೆ. ನಿಟಿಂಗ್‌ಗೆ ಅದರ ಅಗತ್ಯವಿಲ್ಲ.

ಹೆಣೆಯೋ ಭಾಗ ಬೇಗ ಹೇಳಿ ಮುಗಿಸುತ್ತೇನೆ. ನಮ್ಮ ಅಂಗಡಿಗಳಲ್ಲಿ ಸಿಗುವ ಕಡ್ಡಿಗಳಲ್ಲಿ ನಂಬರ್ ಹೆಚ್ಚಾದಷ್ಟೂ ಕಡ್ಡಿ ಸಣ್ಣ. 8ನೇ ನಂಬರ್ ಅಂದರೆ 4 ಮಿ.ಮೀ., 6 ಅಂದರೆ 5 ಮಿ.ಮೀ. ನಾನು 6ನೇ ನಂಬರ್ ತೆಗೆದುಕೊಂಡೆ. ಮೊದಲು ಅಂಗೈಯಗಲದ ತುಂಡು ಹೆಣೆದು, ತೊಳೆದು, ಒಣಗಿಸಿ ಅಳೆದೆ. 10 ಸೆಂ.ಮೀ.ಗೆ 15 ಸ್ಟಿಚ್ ಬಂತು. ತಲೆ ಸುತ್ತಳತೆ 54 ಸೆಂ.ಮೀ. ಮೆತ್ತನೆ ಉಣ್ಣೆಯಾದರೆ ಐದಾರು ಸೆಂ.ಮೀ. ಕಮ್ಮಿ ಇಡಬಹುದು. ಇದು ಅಷ್ಟು ಹಿಗ್ಗುವುದಿಲ್ಲ, ಹಾಗಾಗಿ 3 ಸೆಂ.ಮೀ. ಮಾತ್ರ ಕಮ್ಮಿ ಇಟ್ಟೆ. ಲೆಕ್ಕಕ್ಕೆ 76 ಸ್ಟಿಚ್, ಜೋಡಿಸೋಕೆ ಎರಡು, ಒಟ್ಟು 78. ಅಂಚಿಗೆ ಎರಡು ನಿಟ್ (ಸೀದಾ) ಎರಡು ಪರ್ಲ್ (ಉಲ್ಟಾ), ಮೇಲೆ ಸಾದಾ.

ಚುಚ್ಚೋದಕ್ಕೆ ಏನು ಮಾಡಿದೆ ಅಂತ ಕೇಳುತ್ತೀರಿ. ಸುಮಾರು 30 ಮೈಕ್ರಾನ್‌ಗಿಂತ (ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದ ಒಂದು ಭಾಗ) ದಪ್ಪ ಎಳೆಯ ತುದಿ ಚರ್ಮಕ್ಕೆ ಚುಚ್ಚುತ್ತದೆ. ದಖ್ಖನಿ ಉಣ್ಣೆಯಲ್ಲಿ ಅಂಥ ಎಳೆಗಳು ಬೇಕಾದಷ್ಟು. ಎಷ್ಟು ತೊಳೆದರೂ ಆ ಗುಣ ಹೋಗಲ್ಲ. ಅದಕ್ಕೇ ಹಣೆ ತಾಗುವ ಅಂಚಿನ ಒಳಗೆ ಹಳೇ ಹತ್ತಿ ಸೀರೆಯ ಪಟ್ಟಿ ಹೊಲಿದೆ. ಪಟ್ಟಿಯನ್ನು ಟೈಲರ್‌ಗಳು ಹೇಳುವ ಹಾಗೆ ಕ್ರಾಸ್ ಕತ್ತರಿಸಬೇಕು. ನೇರ ಕತ್ತರಿಸಿದರೆ ಅದು ಹಿಗ್ಗಲ್ಲ, ಟೊಪ್ಪಿ ತಲೆಗೆ ಹತ್ತಲ್ಲ. ಮೈಗೆ ತಾಗುವ ಸ್ವೆಟರ್, ಮಗುವಿನ ಕಾಲುಚೀಲ ಇವಕ್ಕೆ ಈ ಉಣ್ಣೆ ಬೇಡವೇ ಬೇಡ. ಟೊಪ್ಪಿ, ಶರ್ಟಿನ ಮೇಲೆ ಹಾಕೋ ಜಾಕೆಟ್, ಕುರ್ಚಿ ಮೇಲಿನ ಹಾಸು, ಚೀಲ ಇವಕ್ಕೆ ಮೆರಿನೋಗಿಂತ ಇದೇ ವಾಸಿ. ಬೇಗ ಸವೆಯೋದಿಲ್ಲ.

ಬೆಚ್ಚಗಿರುವ ವಿಷಯದಲ್ಲಿ ನನಗೆ ಒಂದಿಷ್ಟೂ ಅನುಮಾನವಿಲ್ಲ. ಉಣ್ಣೆ ತನ್ನ ತೂಕದ ನೂರಕ್ಕೆ ಸುಮಾರು 30 ಭಾಗದಷ್ಟು ತೇವ ಹೀರಿಕೊಂಡರೂ ಒದ್ದೆ ಅನ್ನಿಸೋದಿಲ್ಲ. ಕುರಿಗಾಹಿಗಳು ಜಡಿಮಳೆಯಲ್ಲೂ ಕಂಬಳಿ ಕೊಪ್ಪೆ ಹೊದ್ದು ನಿಲ್ಲೋದು ಅದನ್ನು ನಂಬಿಯೇ. ಬೆಳಗಿನ ಜಾವದ ಇಬ್ಬನಿಯಲ್ಲಿ ಹಾಲು ತರಲು ಹೋಗುವಾಗ ನಾನೂ ಈ ಟೊಪ್ಪಿ ಹಾಕುತ್ತೇನೆ.

ನೂಲೋದು ಕಷ್ಟ ಅನ್ನಿಸಿದರೆ ಕಂಬಳಿ ನೇಯುವ ಮನೆಗಳಲ್ಲಿ ವಿಚಾರಿಸಿ. ಅಲ್ಲಿ ಹೆಂಗಸರು ಕೈಯಲ್ಲೇ ನೂತ ನೂಲು ಇರುತ್ತದೆ. ಅದು ಒಂಟಿ ಎಳೆ, ನೀವೇ ಹುರಿ ಮಾಡಿಕೊಳ್ಳಬೇಕು. ಸ್ವಲ್ಪ ನೂಲನ್ನಾದರೂ ಒಂದು ಸಲ ಸ್ವಂತ ಕೈಯಲ್ಲಿ ನೂತು ನೋಡಿ ಹೋಗಿ, ಆಗ ಅವರು ಹೇಳಿದ ರೇಟಿಗೆ ಚೌಕಾಸಿ ಮಾಡೋಕೆ ಬಾಯಿ ಬರಲ್ಲ.