ಮಗಳಿಗೆ ಬಾಡು ಬೇಡವಾದಾಗ

ನಾಲ್ಕು ವರ್ಷದ ಹಿಂದೆ, ಯುಗಾದಿಯ ಮಾರನೇ ದಿನ ಹೊಸತೊಡಕಿನ ಮಾಂಸದೂಟಕ್ಕೆ ಕೂತಿದ್ದೆವು. ಮಗಳು ತಟ್ಟೆ ಸರಿಸಿ, "ಇನ್ಮೇಲೆ ನಂಗೆ ಬಾಡು ಬೇಡ ಅಮ್ಮಾ" ಅಂದಳು. ಆಗ ಅವಳಿಗೆ 13 ವರ್ಷ. ಮೂರು ತಿಂಗಳಿಂದ ಹಿತ್ತಲಲ್ಲಿ ಕಟ್ಟಿದ್ದ ಮರಿಗೆ ದಿನಾ ಹಲಸಿನ ಸೊಪ್ಪು ತಂದು ಹಾಕುತ್ತಿದ್ದವಳು ಅವಳೇ. ನಾನು ಬಲವಂತ ಮಾಡಲಿಲ್ಲ.

ನಮ್ಮದು ಮಂಡ್ಯ ಕಡೆಯ ಮನೆ. ಸೋಮವಾರ, ಶನಿವಾರ, ಶ್ರಾವಣ ಬಿಟ್ಟರೆ ವಾರಕ್ಕೆ ಎರಡು ಸಲವಾದರೂ ಬಾಡು ಬೇಯುತ್ತದೆ. ಅತ್ತೆಗೆ ಮೊಮ್ಮಗಳದ್ದೇ ಚಿಂತೆ: "ಬೆಳೆಯೋ ಹುಡುಗಿ, ಶಕ್ತಿ ಎಲ್ಲಿಂದ ಬರ್ಬೇಕು?" ನಾನು ಒಂದೆರಡು ತಿಂಗಳು ಅವಳಿಗೆ ಬೇರೆ ತಿಳಿಸಾರು ಮಾಡಿಕೊಟ್ಟೆ. ನಾವೆಲ್ಲ ಮುದ್ದೆ ಮುರಿಯುವಾಗ ಅವಳೊಬ್ಬಳೇ ಬೇರೇನೋ ತಿನ್ನುತ್ತಿದ್ದಳು. ನೋಡೋಕೆ ಸಂಕಟವಾಗುತ್ತಿತ್ತು. ಒಂದು ದಿನ ಅವಳೇ ಹೇಳಿದಳು, "ಸಾರಿನ ಘಮ ನಂಗೂ ಇಷ್ಟ, ಬಾಡು ಮಾತ್ರ ಬೇಡ." ಅವತ್ತಿಂದ ಮಸಾಲೆ ಒಂದೇ ಸಲ ರುಬ್ಬಿ, ಎರಡು ಪಾತ್ರೆಗೆ ಹಂಚೋಕೆ ಶುರುಮಾಡಿದೆ. ಎರಡನೇ ಪಾತ್ರೆಗೆ ಏನು ಹಾಕಬೇಕು ಅನ್ನೋದನ್ನು ಕಲಿಯೋಕೆ ಮಾತ್ರ ತುಂಬಾ ದಿನ ಹಿಡಿಯಿತು.

ಮೊದಲು ತಂದದ್ದು ಸೋಯಾ ಚಂಕ್ಸ್, ಅದೇ ಮೀಲ್ ಮೇಕರ್. ಬಿಸಿನೀರಲ್ಲಿ ಸುಮ್ನೆ ನೆನೆಸಿ ಕುದಿಯುವ ಸಾರಿಗೆ ಹಾಕಿದೆ. ಹಸಿಬಿಸಿ ಕಾಳಿನ ವಾಸನೆ ಸಾರಿಗೆಲ್ಲ ಹತ್ತಿತು. ಕಚ್ಚಿದರೆ ಒಳಗಿಂದ ಬರೀ ನೀರು. ಮಗಳು ಎರಡು ಚೂರು ತಿಂದು ಉಳಿದದ್ದನ್ನು ತಟ್ಟೆಯ ಅಂಚಿಗೆ ಇಟ್ಟಳು.

ಈಗ ಮಾಡುವ ರೀತಿ ಹೀಗಿದೆ. ನೀರು ಮರಳುವಾಗ ಉಪ್ಪು, ಚಿಟಿಕೆ ಅರಿಶಿನ ಹಾಕಿ ಚಂಕ್ಸ್ ಅನ್ನು ಆರೇಳು ನಿಮಿಷ ಕುದಿಸುತ್ತೇನೆ. ಬಸಿದು ತಣ್ಣೀರಿಗೆ ಹಾಕಿ, ಎರಡೂ ಅಂಗೈ ನಡುವೆ ಇಟ್ಟು ಹಿಂಡುತ್ತೇನೆ. ನೊರೆನೊರೆಯಾದ ಹಳದಿ ನೀರು ಬರುತ್ತದೆ. ವಾಸನೆ ಇರೋದೇ ಆ ನೀರಲ್ಲಿ. ಮತ್ತೆ ತಣ್ಣೀರು, ಮತ್ತೆ ಹಿಂಡು. ನೀರು ತಿಳಿಯಾಗುವ ತನಕ ಬಿಡೋದಿಲ್ಲ. ಆಮೇಲೆ ಗಟ್ಟಿ ಮೊಸರು, ಶುಂಠಿ ಬೆಳ್ಳುಳ್ಳಿ, ಖಾರದಪುಡಿ ಕಲಸಿ ಅರ್ಧ ಗಂಟೆ ಇಡಬೇಕು. ಹಿಂಡಿದ ಚಂಕ್ಸ್‌ಗೆ ಹಸಿವು ಜಾಸ್ತಿ, ಏನು ಕೊಟ್ಟರೂ ಹೀರಿಕೊಳ್ಳುತ್ತದೆ. ನೀರಿನ ಬದಲು ಮಸಾಲೆ ಹೀರಲಿ ಅಂತಲೇ ಇಷ್ಟೆಲ್ಲ ಮಾಡೋದು. ಕೊನೆಗೆ ಈರುಳ್ಳಿ ಜೊತೆ ಎಣ್ಣೆಯಲ್ಲಿ ಅಂಚು ಕೆಂಪಾಗುವ ಹಾಗೆ ಬಾಡಿಸಿ ಸಾರಿಗೆ ಹಾಕಿದರೆ ಹಲ್ಲಿಗೆ ಸಿಗುವ ಗಟ್ಟಿತನ ಬರುತ್ತದೆ.

ಇಷ್ಟಾದರೂ ಸಾರು ಮಾತ್ರ ತೆಳ್ಳಗೆ, ಬಡವಾಗಿ ಇರುತ್ತಿತ್ತು. ಯಾಕೆ ಅಂತ ಆಮೇಲೆ ಗೊತ್ತಾಯಿತು. ಸೋಯಾಬೀನಿನ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಟ್ಟಿನಿಂದ ಚಂಕ್ಸ್ ಮಾಡುತ್ತಾರೆ. ಅದರಲ್ಲಿ ಕೊಬ್ಬಿನ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಬಾಡಿನ ಸಾರಿನ ಮೇಲೆ ತೇಲುವ ಕೊಬ್ಬಿನಿಂದಲೇ ಅಲ್ವಾ ಮುದ್ದೆ ಗಂಟಲಲ್ಲಿ ಸಲೀಸಾಗಿ ಇಳಿಯೋದು? ಹಾಗಾಗಿ ಅವಳ ಪಾತ್ರೆಗೆ ಒಂದು ಚಮಚ ಗಸಗಸೆ, ಸ್ವಲ್ಪ ಹುರಿಗಡಲೆ, ಒಂದು ಹಿಡಿ ಕಾಯಿ ಬೇರೆಯಾಗಿ ರುಬ್ಬಿ ಹಾಕುತ್ತೇನೆ. ಇಳಿಸುವಾಗ ಅರ್ಧ ಚಮಚ ತುಪ್ಪ. ಚಕ್ಕೆ, ಲವಂಗ, ಮರಾಠಿ ಮೊಗ್ಗು ಎರಡು ಪಾತ್ರೆಗೂ ಒಂದೇ.

ಬದಲಿ ಹುಡುಕುವಾಗ "ಯಾವುದು ಬಾಡಿನ ಥರ ಇದೆ" ಅಂತ ಕೇಳೋದನ್ನು ನಾನು ಅಲ್ಲಿಗೆ ಬಿಟ್ಟೆ. ಆ ಅಡುಗೆಯಲ್ಲಿ ಬಾಡು ಏನು ಕೆಲಸ ಮಾಡುತ್ತಿತ್ತು ಅಂತ ನೋಡೋಕೆ ಶುರುಮಾಡಿದೆ. ಸಾರಿನಲ್ಲಿ ಅಗಿಯೋಕೆ ಬೇಕು, ಜಿಡ್ಡು ಬೇಕು. ಬಿರಿಯಾನಿಯಲ್ಲಿ ಎಳೆಎಳೆಯಾಗಿ ಬಿಡಬೇಕು. ಉಂಡೆಯಲ್ಲಿ ಒಟ್ಟಿಗೆ ಹಿಡಿದುಕೊಳ್ಳಬೇಕು. ಒಂದೇ ಪದಾರ್ಥ ಇದೆಲ್ಲ ಮಾಡೋದಿಲ್ಲ.

ಬಿರಿಯಾನಿಗೆ ನನ್ನ ಮಟ್ಟಿಗೆ ಎಳೆ ಹಲಸಿನಕಾಯಿಗೆ ಸಾಟಿಯಿಲ್ಲ. ಇದನ್ನು ಕಲಿಸಿದವರು ಪಕ್ಕದ ಮನೆಯ ಪುತ್ತೂರಿನವರು. ಅವರ ಕಡೆ ಇದಕ್ಕೆ ಗುಜ್ಜೆ ಅಂತಾರೆ, ಸುಕ್ಕ ಮಾಡ್ತಾರೆ. ಬೀಜ ಇನ್ನೂ ಮೆತ್ತಗಿರುವ ಕಾಯಿಯೇ ಆಗಬೇಕು. ಬಲಿತರೆ ತೊಳೆ ಸಿಹಿಗೆ ತಿರುಗುತ್ತದೆ. ಕೈಗೂ ಚಾಕುವಿಗೂ ಕೊಬ್ಬರಿ ಎಣ್ಣೆ ಸವರಿಕೊಳ್ಳದೆ ಹೆಚ್ಚಿದರೆ ಮೇಣ ಬಿಡಿಸುವಷ್ಟರಲ್ಲಿ ಸಾಕಾಗಿ ಹೋಗುತ್ತದೆ. ದೊಡ್ಡ ತುಂಡು ಮಾಡಿ ಉಪ್ಪು ನೀರಲ್ಲಿ ಮುಕ್ಕಾಲು ಭಾಗ ಬೇಯಿಸಿ, ಬಸಿದು, ಆಮೇಲೆ ಮಸಾಲೆಗೆ ಹಾಕುತ್ತೇನೆ. ಪೂರ್ತಿ ಬೆಂದರೆ ದಮ್ ಕಟ್ಟುವಾಗ ಕರಗಿ ಅನ್ನಕ್ಕೆ ಸೇರಿಬಿಡುತ್ತದೆ. ಬೇಸಿಗೆ ಕಳೆದರೆ ಎಳೆಕಾಯಿ ಸಿಗೋದು ಕಷ್ಟ. ಅದಕ್ಕೇ ಸೀಸನ್ನಿನಲ್ಲಿ ಅರ್ಧ ಬೇಯಿಸಿ ಫ್ರೀಜರಿನಲ್ಲಿ ಎರಡು ಡಬ್ಬಿ ಇಟ್ಟಿರುತ್ತೇನೆ.

ಆದರೆ ಹಲಸು ತಿಂದರೆ ಬಾಡಿನ ಪೌಷ್ಟಿಕತೆ ಬಂತು ಅಂದುಕೊಳ್ಳಬಾರದು. ಎಳೆಕಾಯಿಯಲ್ಲಿ ಪ್ರೋಟೀನ್ 100 ಗ್ರಾಂಗೆ ಎರಡು ಮೂರು ಗ್ರಾಂ ಅಷ್ಟೇ. ಅಣಬೆಯೂ ಹೆಚ್ಚುಕಡಿಮೆ ಹಾಗೆಯೇ. ಅತ್ತೆಯ ಚಿಂತೆ ಸುಳ್ಳಾಗಿರಲಿಲ್ಲ. 13ರಿಂದ 15 ವರ್ಷದ ಹುಡುಗಿಗೆ ದಿನಕ್ಕೆ ಸುಮಾರು 43 ಗ್ರಾಂ ಪ್ರೋಟೀನ್ ಬೇಕು. ಚಂಕ್ಸ್ ಪೊಟ್ಟಣದ ಮೇಲೆ 100 ಗ್ರಾಂಗೆ 52 ಗ್ರಾಂ ಅಂತ ಇರುತ್ತದೆ. ಅದು ಒಣ ತೂಕದ ಲೆಕ್ಕ. ನೆಂದರೆ ತೂಕ ಮೂರು ಪಟ್ಟಾಗುತ್ತದೆ, ಪ್ರೋಟೀನ್ ಅಷ್ಟೇ ಇರುತ್ತದೆ. ಒಬ್ಬರಿಗೆ 25 ಗ್ರಾಂ ಒಣ ಚಂಕ್ಸ್ ಹಾಕಿದರೆ 13 ಗ್ರಾಂ ಸಿಕ್ಕ ಹಾಗೆ. ಹಲಸಿನ ಬಿರಿಯಾನಿ ಮಾಡಿದ ದಿನ ರಾತ್ರಿಗೆ ಹುರುಳಿಕಾಳಿನ ಸಾರೋ ಹಿತಕಿದ ಅವರೆಯೋ ಇದ್ದೇ ಇರುತ್ತದೆ. ವಿಟಮಿನ್ ಬಿ12 ಗಿಡದ ಪದಾರ್ಥದಲ್ಲಿ ಸಿಗೋದಿಲ್ಲ, ಆದ್ದರಿಂದ ಹಾಲು ಮೊಸರು ತಪ್ಪಿಸಿಲ್ಲ. ವರ್ಷಕ್ಕೊಮ್ಮೆ ರಕ್ತ ಪರೀಕ್ಷೆಯನ್ನೂ ಮಾಡಿಸುತ್ತೇನೆ. ಇದರಲ್ಲಿ ಉದಾಸೀನ ಮಾಡೋಕೆ ನನಗೆ ಮನಸ್ಸಿಲ್ಲ.

ಕೈಮಾ ಉಂಡೆ ಸಾರು ಅವಳಿಗೆ ತುಂಬಾ ಇಷ್ಟದ್ದು. ಅದಕ್ಕೆ ಸೋಯಾ ಗ್ರಾನ್ಯೂಲ್ಸ್, ಅಂದರೆ ಪುಡಿಪುಡಿ ಇರೋದು. ಮೊದಲ ಸಲ ಉಂಡೆಗಳು ಸಾರಿಗೆ ಬಿದ್ದ ತಕ್ಷಣ ಬಿಚ್ಚಿಕೊಂಡವು. ಅತ್ತೆ ಪಾತ್ರೆಗೆ ಬಗ್ಗಿ ನೋಡಿ, "ಇದನ್ನ ನುಚ್ಚಿನುಂಡೆ ಥರ ಹಬೇಲಿ ಬೇಯ್ಸು" ಅಂದರು. ಅವರ ಮಾತೇ ಸರಿಯಾಯಿತು. ನೆಂದ ಪುಡಿಯನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಹಿಂಡಬೇಕು. ಹುರಿಗಡಲೆ ಹಿಟ್ಟು, ಪುದೀನ, ಕಾಯಿ, ಸಣ್ಣಗೆ ಹೆಚ್ಚಿದ ಈರುಳ್ಳಿ ಸೇರಿಸಿ ನಾದಿ, ನಿಂಬೆಹಣ್ಣಿಗಿಂತ ಚಿಕ್ಕದಾಗಿ ಕಟ್ಟಿ ಹತ್ತು ನಿಮಿಷ ಹಬೆಯಲ್ಲಿಟ್ಟರೆ ಗಟ್ಟಿಯಾಗುತ್ತದೆ. ಸಾರು ಕುದಿದು ಉರಿ ಸಣ್ಣ ಮಾಡಿದ ಮೇಲೆ ಒಂದೊಂದಾಗಿ ಬಿಡುತ್ತೇನೆ. ಇದನ್ನು ಈಗ ನನ್ನ ಗಂಡನೂ ಕೇಳಿ ಹಾಕಿಸಿಕೊಳ್ಳುತ್ತಾರೆ.

ಮೀನು ಫ್ರೈ ದಿನ ಸುವರ್ಣಗೆಡ್ಡೆ. ಹುಣಸೆನೀರಲ್ಲಿ ಬೇಯಿಸಿ ತುರಿಕೆ ತೆಗೆದು, ಅದೇ ಖಾರ ಹಚ್ಚಿ, ರವೆಯಲ್ಲಿ ಹೊರಳಿಸಿ ಕಾವಲಿಯ ಮೇಲೆ. ಪನೀರ್ ನಮ್ಮ ಸಾರುಗಳಿಗೆ ಹೊಂದೋದಿಲ್ಲ. ಮುದ್ದೆ ಜೊತೆ ಹಾಲಿನ ರುಚಿ ಬೇರೆಯಾಗಿಯೇ ನಿಲ್ಲುತ್ತದೆ. ತೋಫು, ಅಂದರೆ ಸೋಯಾ ಹಾಲಿನ ಪನೀರ್, ಮೊದಲು ತಿಂದದ್ದು ಬೈಲಕುಪ್ಪೆಯಲ್ಲಿ. ಮೆಣಸಿನ ಪುಡಿ ಹಾಕಿ ಹುರಿದರೆ ಒಳ್ಳೆಯದೇ, ಆದರೆ ನಮ್ಮೂರ ಅಂಗಡಿಯಲ್ಲಿ ಸಿಗೋದಿಲ್ಲ. ಪೊಟ್ಟಣದಲ್ಲಿ ಬರುವ ಫ್ರೋಜನ್ ಸಸ್ಯಮಾಂಸವನ್ನೂ ನೋಡಿದೆ. ಬೆಲೆ ಜಾಸ್ತಿ, ನಾನು ತಂದದ್ದರಲ್ಲಿ ಉಪ್ಪೂ ಜಾಸ್ತಿ. ದಿನದ ಅಡುಗೆಗೆ ಅದು ಬೇಡ ಅನ್ನಿಸಿತು. ಕೊಳ್ಳುವವರು ಹಿಂದಿನ ಪಟ್ಟಿಯಲ್ಲಿ ಪ್ರೋಟೀನ್ ಎಷ್ಟು, ಸೋಡಿಯಂ ಎಷ್ಟು ಅಂತ ಓದಿಕೊಂಡೇ ಕೊಳ್ಳಿ. ಹಾಗೆಯೇ ಚಂಕ್ಸ್ ಬಿಡಿಯಾಗಿ ತೂಗಿಸಿ ತರಬೇಡಿ. ಒಮ್ಮೆ ಹಾಗೆ ತಂದದ್ದು ಕಮಟು ವಾಸನೆ ಹೊಡೆದು ಸಾರಿನ ಸಮೇತ ಚೆಲ್ಲಬೇಕಾಯಿತು.

ಒಂದಕ್ಕೆ ಮಾತ್ರ ಬದಲಿ ಸಿಕ್ಕಿರಲಿಲ್ಲ. ಊಟದ ಕೊನೆಗೆ ಎಲ್ಲರೂ ಮೂಳೆ ಚೀಪುವಾಗ ಅವಳು ಕೈ ತೊಳೆದು ಎದ್ದುಬಿಡುತ್ತಿದ್ದಳು. ಹೋದ ವರ್ಷ ಹೊಸತೊಡಕಿನ ದಿನ ಅತ್ತೆ ಹಿತ್ತಲಿಂದ ನಾಲ್ಕು ನುಗ್ಗೆಕಾಯಿ ಕಿತ್ತು ತಂದು, ಬೆರಳುದ್ದ ತುಂಡು ಮಾಡಿ ಅವಳ ಪಾತ್ರೆಗೆ ಹಾಕಿದರು. "ಅವ್ಳಿಗೂ ಚೀಪಾಕೆ ಏನಾದ್ರೂ ಬೇಕಲ್ಲ" ಅಂದರು. ಮಸಾಲೆ ಕುಡಿದು ಮೆತ್ತಗಾದ ನುಗ್ಗೆಕಾಯನ್ನು ಅವಳು ಒಂದೊಂದೇ ಸೀಳಿ, ಎಲ್ಲರ ಜೊತೆ ಕೊನೆತನಕ ಕೂತು ಚೀಪಿದಳು.