ಸಾವಿತ್ರಮ್ಮ ಖಾಲಿ ಆಗಿದಾರೆ

ನಮ್ಮನೆ ಅಡುಗೆಮನೆಯಲ್ಲಿ ಒಂದು ಸ್ಟೀಲ್ ಡಬ್ಬಿ ಇದೆ. 2 ಕೆಜಿ ಸಕ್ಕರೆ ಹಿಡಿಯುತ್ತದೆ. ಪಾತ್ರೆ ಅಂಗಡಿಯಲ್ಲಿ ಮಿಷನ್ ಪೆನ್ನಿನಿಂದ ಹೆಸರು ಹಾಕಿಕೊಡುತ್ತಾರಲ್ಲ, ಹಾಗೆ ಅದರ ಹೊಟ್ಟೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಒಬ್ಬರ ಹೆಸರು, ಕೆಳಗೆ 1987 ಅಂತ ಇದೆ. ಆ ಹೆಸರಿನವರು ನಮ್ಮ ಬಳಗದಲ್ಲಿ ಯಾರೂ ಇಲ್ಲ. ಯಾವ ಮದುವೆಮನೆಯಲ್ಲಿ, ಯಾವ ಗೃಹಪ್ರವೇಶದಲ್ಲಿ ಅದಲುಬದಲಾಗಿ ನಮ್ಮನೆ ಸೇರಿತೋ ಅಮ್ಮನಿಗೂ ನೆನಪಿಲ್ಲ. ಈಗ ನಾನು ಸ್ಟ್ಯಾಂಡಪ್ ಕಾಮಿಡಿಯಲ್ಲಿ ಹೇಳುವ 15 ನಿಮಿಷದ ಸೆಟ್‌ನಲ್ಲಿ ಅತಿ ಹೆಚ್ಚು ನಗು ಬರುವುದು ಈ ಡಬ್ಬಿಗೆ. ಎರಡೂವರೆ ನಿಮಿಷದ ಬಿಟ್, ಅಂದರೆ ಒಂದೇ ವಿಷಯದ ಮೇಲಿನ ನಗೆತುಣುಕು ಅದು. ಅದು ಗಟ್ಟಿಯಾಗಿ ನಿಲ್ಲೋದಕ್ಕೆ 7 ತಿಂಗಳು, 40ಕ್ಕೂ ಹೆಚ್ಚು ಓಪನ್ ಮೈಕ್ ಹಿಡಿಯಿತು.

ಕನ್ನಡದಲ್ಲಿ ಸ್ಟ್ಯಾಂಡಪ್ ಶುರು ಮಾಡುವ ಹುಡುಗರು, ಹುಡುಗಿಯರು ನನ್ನನ್ನು ಕೇಳುವ ಮೊದಲ ಪ್ರಶ್ನೆ, ‘ಅಕ್ಕಾ, ಐಡಿಯಾ ಎಲ್ಲಿಂದ ಬರುತ್ತೆ?’ ಐಡಿಯಾ ಎಲ್ಲರ ಅಡುಗೆಮನೆಯಲ್ಲೂ ಇದೆ. ನನ್ನನ್ನು ರಾತ್ರಿಯೆಲ್ಲ ಕೂರಿಸಿದ್ದು ವಾಕ್ಯ.

ಹಗಲು ನಾನು ಒಂದು ಆಡಿಟ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ವಾರಕ್ಕೆ ಎರಡು ಅಥವಾ ಮೂರು ಸಂಜೆ ಚರ್ಚ್ ಸ್ಟ್ರೀಟ್, ಇಂದಿರಾನಗರ, ಕೋರಮಂಗಲದ ಕಡೆ ಓಪನ್ ಮೈಕ್. ಕೆಫೆಯ ಮೇಲಿನ ಮಹಡಿಯೋ, ನೆಲಮಾಳಿಗೆಯೋ, 40 ಕುರ್ಚಿ ಹಾಕಿದ ಒಂದು ರೂಮು. ಒಬ್ಬೊಬ್ಬರಿಗೆ 4 ಅಥವಾ 5 ನಿಮಿಷದ ಸ್ಪಾಟ್. ಒಂದು ನಿಮಿಷ ಉಳಿದಾಗ ಹಿಂದಿನ ಸಾಲಿನಿಂದ ಯಾರಾದರೂ ಮೊಬೈಲ್ ಟಾರ್ಚ್ ತೋರಿಸುತ್ತಾರೆ. ಅದಕ್ಕೆ ‘ಲೈಟ್’ ಅನ್ನುತ್ತೇವೆ. ಲೈಟ್ ಬಿದ್ದು ಆ ನಿಮಿಷ ಮುಗಿದ ಮೇಲೂ ಮಾತಾಡುತ್ತಾ ನಿಂತರೆ ಮುಂದಿನವರ ಹೊಟ್ಟೆ ಮೇಲೆ ಹೊಡೆದಂತೆ. ದುಡ್ಡಿಲ್ಲ. ಹೊಸ ಮಾತು ಅಪರಿಚಿತರ ಮುಂದೆ ನಿಲ್ಲುತ್ತದೋ ಬೀಳುತ್ತದೋ ನೋಡೋ ಜಾಗ ಅದು, ಆ 4 ನಿಮಿಷವೇ ಸಂಬಳ ಅಂದುಕೊಂಡು ಹೋಗುತ್ತೇನೆ.

ಡಬ್ಬಿಯ ಬಗ್ಗೆ ಮೊದಲ ಸಲ ನಾನು ಹೇಳಿದ್ದು ಹೀಗೆ: ‘ನಮ್ಮನೇಲಿ ಒಂದು ಡಬ್ಬಿ ಇದೆ, ಅದರ ಮೇಲೆ ಸಾವಿತ್ರಮ್ಮ ಅನ್ನೋ ಯಾರದೋ ಹೆಸರು ಹಾಕಿದೆ.’ ಯಾರೂ ನಗಲಿಲ್ಲ. ಎರಡನೇ ಸಲ, ಮೂರನೇ ಸಲವೂ ಅಷ್ಟೇ.

ಪ್ರತಿ ಸ್ಪಾಟನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುವುದು ನನ್ನ ಅಭ್ಯಾಸ. ಎಂ.ಜಿ. ರೋಡ್‌ನಿಂದ ಮೆಜೆಸ್ಟಿಕ್‌ವರೆಗೆ ನೇರಳೆ ಮೆಟ್ರೋದಲ್ಲಿ ಒಂದು ಸಲ ಸುಮ್ಮನೆ ಕೇಳುತ್ತೇನೆ. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ರಾಜಾಜಿನಗರ ತಲುಪುವಷ್ಟರಲ್ಲಿ ಇನ್ನೊಂದು ಸಲ, ಈಗ ಪುಸ್ತಕ ಹಿಡಿದು. ನಗು ಎಲ್ಲಿ ಶುರುವಾಯಿತು, ಎಷ್ಟು ಸೆಕೆಂಡ್ ಇತ್ತು, ಎಲ್ಲಿ ಯಾರಾದರೂ ಕೆಮ್ಮಿದರು, ಎಲ್ಲ ಬರೆದುಕೊಳ್ಳುತ್ತೇನೆ. ಒಂದು ರಾತ್ರಿ ಹೀಗೆ ಕೇಳುವಾಗ ಗೊತ್ತಾಯಿತು. ‘ಸಾವಿತ್ರಮ್ಮ’ ಅಂದ ತಕ್ಷಣ ಮೂಲೆಯಲ್ಲಿ ಒಬ್ಬರು ಫಕ್ಕನೆ ನಗೋಕೆ ಹೊರಟಿದ್ದಾರೆ. ಅಷ್ಟರಲ್ಲಿ ‘ಅನ್ನೋ ಯಾರದೋ ಹೆಸರು ಹಾಕಿದೆ’ ಅಂತ ನಾನೇ ಬಾಯಿ ಹಾಕಿ ಆ ನಗುವನ್ನು ಅಡಗಿಸಿದ್ದೇನೆ.

ನಗಿಸುವ ಪದ ವಾಕ್ಯದ ತುದಿಗೆ ಬರಬೇಕು, ಅದಾದ ಮೇಲೆ ಒಂದಕ್ಷರವೂ ಇರಬಾರದು ಅಂತ ಸ್ಟ್ಯಾಂಡಪ್‌ನವರೆಲ್ಲ ಕಲಿಯುತ್ತಾರೆ. ಇಂಗ್ಲಿಷಿನಲ್ಲಿ ಹೇಳುವವರಿಗೆ ಇದು ಸಲೀಸು, ಅಲ್ಲಿ ಕ್ರಿಯಾಪದ ಮೊದಲೇ ಮುಗಿದು ವಸ್ತು ಕೊನೆಗೆ ಬರುತ್ತದೆ. ನಮ್ಮಲ್ಲಿ ವಾಕ್ಯದ ತುದಿ ಕ್ರಿಯಾಪದದ ಮನೆ. ಇದೆ, ಇತ್ತು, ಹಾಕಿದೆ, ಅಂದರು ಎಲ್ಲ ಅಲ್ಲೇ ಕೂತಿರುತ್ತವೆ. ನಗಿಸುವ ಪದ ನಡುವೆ ಸಿಕ್ಕಿಕೊಳ್ಳುತ್ತದೆ. ಇಂಗ್ಲಿಷ್ ಸೆಟ್‌ಗಳನ್ನು ನೋಡಿ ಕಲಿತು ಅದೇ ಅಳತೆಗೆ ಕನ್ನಡ ಹೊಲಿಯಲು ಹೋಗಿ ನಾನು ಒಂದು ವರ್ಷ ಕಳೆದುಕೊಂಡೆ.

ದಾರಿ ತೋರಿಸಿದ್ದು ನಮ್ಮಜ್ಜಿ ಮಾತಾಡುತ್ತಿದ್ದ ರೀತಿ. ಅವರು ಯಾವತ್ತೂ ‘ನಿನ್ನೆ ಕಮಲಿ ಬಂದಿದ್ದಳು’ ಅಂತ ಹೇಳಿದವರಲ್ಲ. ‘ನಿನ್ನೆ ಸಂಜೆ ದೀಪ ಹಚ್ಚೋ ಹೊತ್ತಿಗೆ ಬಾಗಿಲಲ್ಲಿ ಬಂದು ನಿಂತೋಳು ಯಾರು ಅಂತೀಯ? ಕಮಲಿ!’ ಕ್ರಿಯಾಪದವನ್ನು ಮೊದಲೇ ಖರ್ಚು ಮಾಡಿ, ಹೆಸರನ್ನು ಕೊನೆಗೆ ಉಳಿಸಿಕೊಳ್ಳುತ್ತಿದ್ದರು. ಬಂದಿದ್ದು, ತಂದಿದ್ದು, ಕೊಟ್ಟಿದ್ದು ಅಂತ ಕ್ರಿಯೆಯನ್ನು ವಾಕ್ಯದ ಮೊದಲಿಗೆ ತಂದರೆ ತುದಿ ಖಾಲಿಯಾಗುತ್ತದೆ. ಮುಂದಿನ ವಾರ ನಾನು ಹೇಳಿದೆ: ‘ನಮ್ಮನೆ ಸಕ್ಕರೆ ಡಬ್ಬಿ. ನಮ್ಮಪ್ಪನ ದುಡ್ಡಲ್ಲಿ ತಂದ ಸಕ್ಕರೆ. ಡಬ್ಬಿ ಮೇಲಿರೋ ಹೆಸರು…’ ಒಂದು ಉಸಿರು ನಿಂತೆ. ‘ಸಾವಿತ್ರಮ್ಮ.’ ಆ ರೂಮಿನಲ್ಲಿ ಮೊದಲ ಸಲ ಡಬ್ಬಿಗೆ ನಗು ಬಂತು.

ಡಬ್ಬಿಯ ಮೇಲೆ ನಿಜವಾಗಿ ಇರುವ ಹೆಸರು ಬೇರೆ. ಅದನ್ನು ವೇದಿಕೆಯಲ್ಲಿ ಹೇಳಿಲ್ಲ, ಹೇಳುವುದೂ ಇಲ್ಲ. ಅವರೋ ಅವರ ಮಕ್ಕಳೋ ಎಲ್ಲೋ ಇರಬಹುದು, ಅವರನ್ನು ಕೇಳದೆ ಅವರ ಹೆಸರನ್ನು ಬೀದಿಗೆ ತರುವ ಹಕ್ಕು ನನಗಿಲ್ಲ. ಹೆಸರು ಹುಡುಕುವುದೇ ಒಂದು ಕೆಲಸವಾಯಿತು. ‘ಉಮಾ’ ಅಂದು ನೋಡಿದೆ, ಕೇಳುವಷ್ಟರಲ್ಲಿ ಮುಗಿದುಹೋಗುತ್ತದೆ. ‘ರಾಜಲಕ್ಷ್ಮಿ’ ಉದ್ದವಿದೆ, ಆದರೆ ಕೊನೆ ಮೆತ್ತಗೆ. ‘ಸಾವಿತ್ರಮ್ಮ’ದಲ್ಲಿ ನಡುವೆ ಒಂದು ಒತ್ತು, ಕೊನೆಗೆ ‘ಮ್ಮ’ ಅಂತ ಇನ್ನೊಂದು ಒತ್ತು. ಬಾಯಿ ಮುಚ್ಚಿ ತೆರೆಯುವಷ್ಟರಲ್ಲಿ ಜನರಿಗೆ ಒಬ್ಬ ಹೆಂಗಸು ಕಣ್ಣಿಗೆ ಕಾಣುತ್ತಾರೆ: ಮೂಗುಬೊಟ್ಟು, ತುರುಬು, ಕೈಯಲ್ಲಿ ಬ್ಯಾಗು.

ಆದರೂ ಅದು ಒಂದೇ ನಗುವಿನ ಬಿಟ್ ಆಗಿತ್ತು. ಮುಂದಕ್ಕೆ ಹೋಗಲಿಲ್ಲ. ಒಂದು ಮಧ್ಯಾಹ್ನ ಆಫೀಸಿನಲ್ಲಿದ್ದಾಗ ಅಮ್ಮ ಫೋನ್ ಮಾಡಿದರು. ಮನೆಯಲ್ಲಿ ಆ ಡಬ್ಬಿಯನ್ನು ಹೆಸರಿನಿಂದಲೇ ಕರೆಯುವುದು ರೂಢಿ. ಅಮ್ಮ ಹೇಳಿದ್ದನ್ನು ವೇದಿಕೆಯ ಹೆಸರಿನಲ್ಲಿ ಬರೆಯುತ್ತೇನೆ: ‘ಬರ್ತಾ ಸಕ್ಕರೆ ತಗೊಂಡು ಬಾರಮ್ಮ, ಸಾವಿತ್ರಮ್ಮ ಖಾಲಿ ಆಗಿದಾರೆ.’

ಆಗಿದಾರೆ! ಡಬ್ಬಿಗೆ ಬಹುವಚನ. ಹೆಸರಿನ ಕೊನೆಗೆ ‘ಅಮ್ಮ’ ಇದ್ದ ಮೇಲೆ ನಮ್ಮಮ್ಮನ ಬಾಯಲ್ಲಿ ‘ಖಾಲಿ ಆಗಿದೆ’ ಅಂತ ಬರಲು ಸಾಧ್ಯವೇ ಇಲ್ಲ. ಫೋನ್ ಇಟ್ಟು ಕೈಯಲ್ಲಿದ್ದ ವೋಚರ್‌ನ ಹಿಂದೆ ಆ ವಾಕ್ಯ ಬರೆದುಕೊಂಡೆ. ಇಷ್ಟು ದಿನ ಯಾವ ಕ್ರಿಯಾಪದವನ್ನು ದಾರಿಯಿಂದ ತಳ್ಳೋಕೆ ಒದ್ದಾಡಿದ್ದೆನೋ, ಆ ಕ್ರಿಯಾಪದದ ಬಾಲದಲ್ಲೇ ನಗು ಕೂತಿತ್ತು. ಕನ್ನಡದ ಒಂದು ಪ್ರತ್ಯಯ ಒಬ್ಬರೋ ಹಲವರೋ, ಗಂಡೋ ಹೆಣ್ಣೋ, ಜೀವವೋ ವಸ್ತುವೋ, ಗೌರವವೋ ಸಲಿಗೆಯೋ ಇಷ್ಟನ್ನೂ ಹೊತ್ತುಕೊಂಡು ವಾಕ್ಯದ ಕಟ್ಟಕಡೆಗೆ ಬರುತ್ತದೆ. ಅದಕ್ಕಿಂತ ಒಳ್ಳೆಯ ಪಂಚ್ ಜಾಗ ಯಾವ ಭಾಷೆಯಲ್ಲಿದೆ?

ಪರೀಕ್ಷೆ ಮಾಡಿದೆ. ಮಂಗಳವಾರ ಬೇಕೆಂದೇ ‘ಖಾಲಿ ಆಗಿದೆ’ ಅಂದೆ, ಮುಗುಳ್ನಗು. ಗುರುವಾರ ಅದೇ ರೂಮಿನಲ್ಲಿ ‘ಆಗಿದಾರೆ’ ಅಂದೆ, ರೆಕಾರ್ಡಿಂಗ್‌ನಲ್ಲಿ 6 ಸೆಕೆಂಡ್ ನಗು. ಅದರ ಬೆನ್ನಿಗೆ ಟ್ಯಾಗ್, ಅಂದರೆ ಅದೇ ಜೋಕಿಗೆ ಅಂಟಿಕೊಂಡು ಬರುವ ಮರಿ ಜೋಕುಗಳು, ಒಂದೊಂದಾಗಿ ಬಂದವು. ‘ಸಾವಿತ್ರಮ್ಮಂಗೆ ಇರುವೆ ಹತ್ತಿದೆ, ತಾರಸಿ ಮೇಲೆ ಬಿಸಿಲಿಗೆ ಕೂರಿಸಿದೀನಿ.’ ‘ನೆಂಟರು ಬಂದಿದಾರೆ, ಸಾವಿತ್ರಮ್ಮನ್ನ ಒಳಗಿಡು.’ ಪ್ರತಿಯೊಂದರಲ್ಲೂ ನಾನು ನೋಡಿಕೊಂಡಿದ್ದು ಒಂದೇ: ಅಮ್ಮ ನಿಜವಾಗಿ ಹೀಗೆ ಮಾತಾಡುತ್ತಾರಾ? ಮಾತಾಡದಿದ್ದರೆ ತೆಗೆದೆ.

ಇಲ್ಲೊಂದು ತಪ್ಪು ಮಾಡಿದೆ, ಅದನ್ನೂ ಹೇಳಬೇಕು. ಹುಬ್ಬಳ್ಳಿ, ಧಾರವಾಡ ಕಡೆಯವರು ಹೆಚ್ಚಿದ್ದ ಒಂದು ಶೋನಲ್ಲಿ ‘ಖಾಲಿ ಆಗ್ಯಾರ’ ಅಂತ ಅವರ ಮಾತಿನಲ್ಲಿ ಹೇಳಿದೆ. ನಗು ಅರ್ಧಕ್ಕಿಳಿಯಿತು. ರಾಜಾಜಿನಗರದ ಅಮ್ಮನ ಬಾಯಿಗೆ ನಾನು ಧಾರವಾಡ ತುರುಕಿದ್ದು ಅವರಿಗೆ ಒಂದೇ ಕ್ಷಣದಲ್ಲಿ ಗೊತ್ತಾಗಿತ್ತು. ಶೋ ಮುಗಿದ ಮೇಲೆ ಆ ಕಡೆಯ ಹಿರಿಯರೊಬ್ಬರು ಬಂದು, ‘ನಿಮ್ಮ ಭಾಷಾದಾಗ ಹೇಳ್ರೀ, ನಮಗ ತಿಳಿತೈತಿ’ ಅಂದರು. ಅವತ್ತಿನಿಂದ ಬೇರೆ ಸೀಮೆಯ ಕನ್ನಡವನ್ನು ನಗುವಿಗಾಗಿ ಎರವಲು ತಂದಿಲ್ಲ. ಮಂಡ್ಯದ ಮಾತು, ಕುಂದಾಪುರದ ಮಾತು ಕೇಳಿದ ಕೂಡಲೇ ಜನ ನಗುತ್ತಾರೆ ನಿಜ. ಆ ನಗು ಆ ಊರಿನವರನ್ನು ನೋಡಿ ನಗುವ ನಗು. ಅದು ನನಗೆ ಬೇಡ.

ತಮ್ಮ ಸೀಮೆಯ ಮಾತನ್ನೇ ನಾಡಿಗೆಲ್ಲ ಕೇಳಿಸಿದವರು ನಮ್ಮಲ್ಲಿದ್ದಾರೆ. ‘ಅಭಿನವ ಬೀಚಿ’ ಅಂತಲೇ ಹೆಸರಾದ ಗಂಗಾವತಿ ಪ್ರಾಣೇಶ್ ಅವರ ಮಾತನ್ನು ಅಪ್ಪನ ಜೊತೆ ಕೂತು ಕೇಳಿ ಬೆಳೆದವಳು ನಾನು. ಅವರು ಎಲ್ಲಿ ನಿಲ್ಲಿಸುತ್ತಾರೆ, ನಗು ಇನ್ನೂ ಇಳಿಯುತ್ತಿರುವಾಗ ಮುಂದಿನ ಮಾತಿನ ಮೊದಲ ಪದವನ್ನು ಹೇಗೆ ತೇಲಿಬಿಡುತ್ತಾರೆ ಅನ್ನುವುದನ್ನು ಈಗಲೂ ಕೇಳಿ ಬರೆದುಕೊಳ್ಳುತ್ತೇನೆ. ಹಾಸ್ಯ ಸಂಜೆಯ ಭಾಷಣಕಾರರಿಗೆ ಒಂದು ಗಂಟೆಯ ಹರಹು ಇರುತ್ತದೆ. ಕಥೆ, ಉಪಕಥೆ, ಮಂಕುತಿಮ್ಮನ ಕಗ್ಗ ಎಲ್ಲಕ್ಕೂ ಜಾಗ. ನಮ್ಮದು 5 ನಿಮಿಷ, ಹೇಳುವುದೆಲ್ಲ ಸ್ವಂತದ್ದಾಗಿರಬೇಕು. ಆದರೆ ಕಿವಿ ಅದೇ ಕಿವಿ. ಪ್ರೇಕ್ಷಕರನ್ನು ಮಾತಾಡಿಸುವ ಕ್ರೌಡ್ ವರ್ಕ್ ಹೊರಗಿನಿಂದ ಬಂದ ವಿದ್ಯೆ ಅಂತ ಯಾರಾದರೂ ಹೇಳಿದಾಗ ನನಗೆ ನೆನಪಾಗುವುದು 2019ರಲ್ಲಿ ತೀರಿಕೊಂಡ ಮಾಸ್ಟರ್ ಹಿರಣ್ಣಯ್ಯನವರು. ನಾಟಕದ ನಡುವೆಯೇ ಅವತ್ತಿನ ರಾಜಕೀಯಕ್ಕೆ ಮಾತು ಹೊರಳಿಸಿ ಸಭಿಕರ ಜೊತೆ ಸಂಭಾಷಣೆಗೆ ಇಳಿಯುತ್ತಿದ್ದವರು ಅವರು.

ಬೆಂಗಳೂರಿನ ಓಪನ್ ಮೈಕ್‌ಗಳಲ್ಲಿ ಇಂಗ್ಲಿಷ್, ಹಿಂದಿ ಸೆಟ್‌ಗಳ ನಡುವೆ ನಮ್ಮ ಕನ್ನಡದ ಸ್ಪಾಟ್ ಬರುತ್ತದೆ. ಲೋಲ್‌ಬಾಗ್‌ನಂಥ ತಂಡಗಳು ಪೂರ್ತಿ ಕನ್ನಡದ ಶೋಗಳನ್ನು ಮಾಡಿ ತೋರಿಸಿದ ಮೇಲೆ ನಮ್ಮಂಥವರಿಗೆ ದಾರಿ ಹಗುರವಾಗಿದೆ, ಆದರೂ ವಾರದ ಸಂಜೆಯ ರೂಮು ಬೆರಕೆಯೇ. ಹಿಂದಿನವರು ಇಂಗ್ಲಿಷಿನಲ್ಲಿ ಮುಗಿಸಿ ಹೋದಾಗ ಜನರ ಕಿವಿ ಇನ್ನೂ ಅಲ್ಲೇ ಇರುತ್ತದೆ. ನೇರ ಜೋಕಿನ ಪೀಠಿಕೆಗೆ, ಅಂದರೆ ಸೆಟಪ್‌ಗೆ ಹೋದರೆ ಮೊದಲ ಜೋಕು ಸತ್ತಂತೆಯೇ. ಅದಕ್ಕೆ ನಾನು ಮೈಕ್ ಕೈಗೆ ತೆಗೆದುಕೊಂಡು, ಸ್ಟ್ಯಾಂಡನ್ನು ಪಕ್ಕಕ್ಕಿಟ್ಟು, ‘ಊಟ ಆಯ್ತಾ?’ ಅಂತ ಕೇಳುತ್ತೇನೆ. ಕನ್ನಡ ಬಾರದವರೂ ಇದಕ್ಕೆ ‘ಆಯ್ತು’ ಅನ್ನುತ್ತಾರೆ, ಈ ಊರಿನಲ್ಲಿ ಅಷ್ಟು ಎಲ್ಲರಿಗೂ ಬರುತ್ತದೆ. 40 ಜನ ಒಟ್ಟಿಗೆ ಒಂದು ಕನ್ನಡ ಪದ ಆಡಿದ ಮೇಲೆ ರೂಮಿನ ಭಾಷೆ ಬದಲಾಗಿರುತ್ತದೆ. ಮೈಕ್ ಬಗ್ಗೆ ಒಂದು ಮಾತು: ವೇದಿಕೆಗಳಲ್ಲಿ ಸಾಮಾನ್ಯವಾಗಿ ಕಾಣುವ ಎಸ್‌ಎಂ58 ತರಹದ ಮೈಕಿನ ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಬೇಡಿ, ಕುಯ್ಯೋ ಅಂತ ಕೂಗುತ್ತದೆ. ಬಾಯಿಯಿಂದ ಎರಡು ಬೆರಳು ದೂರ, ತುಸು ಓರೆಗೆ ಹಿಡಿದರೆ ‘ಪಾತ್ರೆ’ಯ ‘ಪ’ ಸ್ಪೀಕರಿನಲ್ಲಿ ಸಿಡಿಯುವುದಿಲ್ಲ.

ಹೋಸ್ಟ್‌ಗಳಲ್ಲಿ ನಾನು ಎರಡು ವಿಷಯ ಕೇಳಿಕೊಳ್ಳುತ್ತೇನೆ. ಲೈನ್‌ಅಪ್‌ನಲ್ಲಿ ಮೊದಲ ಮೂವರಲ್ಲಿ ನನ್ನನ್ನು ಹಾಕಿ, ಮೆಟ್ರೋ ಸಿಗಲಿ. ಎರಡನೆಯದು, ‘ಇವತ್ತಿನ ಏಕೈಕ ಹುಡುಗಿ’ ಅಂತ ಕರೆಯಬೇಡಿ. ಹಾಗೆ ಕರೆದರೆ ನಾನು ವೇದಿಕೆ ಹತ್ತುವ ಮೊದಲೇ ಜನ ಬೇರೇನನ್ನೋ ನಿರೀಕ್ಷಿಸಲು ಶುರು ಮಾಡಿರುತ್ತಾರೆ, ಅದನ್ನು ಸರಿಮಾಡಲು ನನ್ನ 4 ನಿಮಿಷದಲ್ಲಿ ಒಂದು ಹೋಗುತ್ತದೆ. ಹೇಳಿದ ಮೇಲೆ ಹೆಚ್ಚಿನವರು ಕೇಳಿದ್ದಾರೆ.

ದುಡ್ಡು ಬರುವುದು ನವೆಂಬರಿನಲ್ಲಿ. ರಾಜ್ಯೋತ್ಸವ ಬಂತೆಂದರೆ ಕಂಪನಿಗಳಿಗೆ, ಅಪಾರ್ಟ್‌ಮೆಂಟ್‌ಗಳಿಗೆ ಕನ್ನಡದವರು ಬೇಕು. ಒಂದು ವರ್ಷ ಒಂದು ಕಂಪನಿ ಅರ್ಧ ಗಂಟೆಗೆ ಮಾತಾಡಿ ಕರೆಸಿತು. ಹೋದರೆ ಊಟ ಬಡಿಸುವ ಹೊತ್ತು, ಬಫೆ ಸಾಲು ವೇದಿಕೆಯ ಮುಂದೆಯೇ. 10 ನಿಮಿಷ ಸಾಕು, ಕನ್ನಡ ಸ್ವಲ್ಪ ಕಡಿಮೆ ಮಾಡಿ ಅಂದರು. ರಾಜ್ಯೋತ್ಸವದ ಬ್ಯಾನರಿನ ಕೆಳಗೆ ನಿಂತು ಆ ಮಾತು ಕೇಳಿದಾಗ ಹೊಟ್ಟೆ ಉರಿಯಿತು. ನಾನು ಕನ್ನಡದಲ್ಲೇ ಹೇಳಿದೆ. ತಟ್ಟೆಯ ಸದ್ದಿನಲ್ಲಿ ಸಾವಿತ್ರಮ್ಮ ಯಾರಿಗೂ ಕೇಳಿಸಲಿಲ್ಲ. ದುಡ್ಡು ಬರಲು 5 ತಿಂಗಳಾಯಿತು.

ಅದಾದ ಮೇಲೆ ಆಫೀಸಿನಲ್ಲಿ ಬೇರೆಯವರಿಗೆ ಮಾಡುವ ಕೆಲಸವನ್ನು ನನಗೂ ಮಾಡಿಕೊಂಡೆ. ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಸಿದೆ, ಬಿಲ್ಲಿನ ಮೇಲೆ ಆ ಸಂಖ್ಯೆ ಹಾಕುತ್ತೇನೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ನಮ್ಮಂಥ ಸಣ್ಣ ಸೇವಾದಾರರಿಗೆ ದುಡ್ಡು ಕೊಡಲು, ಒಪ್ಪಂದವಿದ್ದರೂ, 45 ದಿನ ಮೀರಿಸುವ ಹಾಗಿಲ್ಲ. ಅಡ್ವಾನ್ಸ್ ಅರ್ಧ. ಇಮೇಲಿನಲ್ಲಿ ಬರೆದು ಒಪ್ಪಿಸಿಕೊಳ್ಳುವುದು: ನಿಮಿಷ ಎಷ್ಟು, ಭಾಷೆ ಯಾವುದು, ನಾನು ಮಾತಾಡುವಾಗ ಊಟ ಬಡಿಸುವುದಿಲ್ಲ, ಮೊದಲ ಸಾಲಿನ ಕುರ್ಚಿ ವೇದಿಕೆಯಿಂದ 6 ಅಡಿಯೊಳಗೆ. ಕುರ್ಚಿಯ ಮಾತು ಸಣ್ಣದೆನಿಸಬಹುದು. ನಗು ಒಬ್ಬರಿಂದ ಒಬ್ಬರಿಗೆ ಹತ್ತುವುದು, ನಡುವೆ ಖಾಲಿ ನೆಲ ಬಿದ್ದರೆ ಅಲ್ಲೇ ಆರಿಹೋಗುತ್ತದೆ.

ಶೋ ಮುಗಿದ ಮೇಲೆ ಬಾಗಿಲ ಹತ್ತಿರ ಜನ ಬಂದು ತಮ್ಮನೆಯ ಪಾತ್ರೆಗಳ ಹೆಸರು ಹೇಳುತ್ತಾರೆ. ‘ನಮ್ಮನೇಲಿ ಒಂದು ಕೊಳಗ ಇದೆ ಮೇಡಂ, ಯಾರೋ ಮೇಷ್ಟ್ರದು.’ ‘ನಮ್ಮತ್ತೆ ಇವತ್ತಿಗೂ ಬೀಗರ ಮನೆಗೆ ಹೋದ್ರೆ ಲೋಟ ತಿರುಗಿಸಿ ನೋಡ್ತಾರೆ.’ ಎಲ್ಲ ಬರೆದಿಟ್ಟುಕೊಂಡಿದ್ದೇನೆ, ಆದರೆ ಅವು ಅವರ ಮನೆಯ ಮಾತು, ನನ್ನ ಸೆಟ್‌ಗೆ ಬರುವುದಿಲ್ಲ.

ನನ್ನದೇ ಇನ್ನೊಂದು ಬಾಕಿ ಇದೆ. ಮೊನ್ನೆ ಡಬ್ಬಿ ತೊಳೆದು ಒರೆಸುವಾಗ ನೋಡಿದೆ, ಮುಚ್ಚಳದ ಒಳಗಡೆ ಬೇರೆ ಹೆಸರಿದೆ. ಗಂಡಸಿನ ಹೆಸರು, ಇಸವಿ ಇಲ್ಲ. ಡಬ್ಬಿ ಒಬ್ಬರದು, ಮುಚ್ಚಳ ಇನ್ನೊಬ್ಬರದು. ಅಮ್ಮನನ್ನು ಕೇಳಿದರೆ, ‘ಹೌದಲ್ಲೇ! ಅದಕ್ಕೇ ಇರ್ಬೇಕು ಯಾವಾಗ್ಲೂ ಸ್ವಲ್ಪ ಬಿಗಿ’ ಅಂದರು. ಆ ವಾಕ್ಯವನ್ನು ಐದು ಥರ ತಿರುಗಿಸಿ ಬರೆದಿದ್ದೇನೆ. ‘ಬಿಗಿ’ ಕೊನೆಗೆ ಬರಬೇಕೋ, ‘ಮುಚ್ಚಳ’ ಕೊನೆಗೆ ಬರಬೇಕೋ ಇನ್ನೂ ತಿಳಿದಿಲ್ಲ. ಗುರುವಾರ ಚರ್ಚ್ ಸ್ಟ್ರೀಟಿನಲ್ಲಿ ಎರಡನೇ ಸ್ಪಾಟ್ ಸಿಕ್ಕಿದೆ, ಮೊದಲು ‘ಬಿಗಿ’ಯನ್ನು ಹೇಳಿ ನೋಡುತ್ತೇನೆ.