ಗೆಳೆಯರ ಕಾರು, ನಿಮ್ಮ ಕೈಯಲ್ಲಿ ಅಪಘಾತ: ತಪ್ಪು ಯಾರ ತಲೆಗೆ, ದುಡ್ಡು ಯಾರ ಜೇಬಿನಿಂದ

ಮದುವೆಗೋ ಆಸ್ಪತ್ರೆಗೋ ಎಂದು ಒಂದು ದಿನದ ಮಟ್ಟಿಗೆ ಕಾರು ಕೇಳಿ ಪಡೆದಿರಿ, ದಾರಿಯಲ್ಲಿ ಗುದ್ದಿತು. ಆಗ ತಲೆಗೆ ಬರುವ ಮೊದಲ ಪ್ರಶ್ನೆ, 'ಇನ್ಶೂರೆನ್ಸ್ ಅವರ ಹೆಸರಲ್ಲಿದೆ, ಓಡಿಸುತ್ತಿದ್ದವನು ನಾನು, ಕ್ಲೇಮ್ ಆಗುತ್ತದಾ?' ಆಗುತ್ತದೆ. ನಮ್ಮ ದೇಶದಲ್ಲಿ ಮೋಟಾರು ವಿಮೆ ಗಾಡಿಯ ಬೆನ್ನಿಗಿರುತ್ತದೆ, ಚಾಲಕನ ಬೆನ್ನಿಗಲ್ಲ. ಪಾಲಿಸಿಯಲ್ಲಿ 'ಡ್ರೈವರ್ಸ್ ಕ್ಲಾಝ್', ಅಂದರೆ ಚಾಲಕರ ಷರತ್ತು ಎಂಬ ನಾಲ್ಕು ಸಾಲಿರುತ್ತದೆ, ಓದಿ ನೋಡಿ. ಮಾಲೀಕರೂ ಸೇರಿದಂತೆ ಯಾರು ಬೇಕಾದರೂ ಓಡಿಸಬಹುದು. ಅಪಘಾತದ ಹೊತ್ತಿನಲ್ಲಿ ಚಾಲ್ತಿಯಲ್ಲಿರುವ ಡಿಎಲ್ ಇರಬೇಕು, ಡಿಎಲ್ ಪಡೆಯಲು ಅನರ್ಹರಾಗಿರಬಾರದು, ಅಷ್ಟೇ. ಮನೆಯವರೇ ಆಗಿರಬೇಕೆಂದಿಲ್ಲ, ಹೆಸರು ಮೊದಲೇ ಬರೆಸಿರಬೇಕೆಂದೂ ಇಲ್ಲ.

ತೊಡಕಿರುವುದು ಬೇರೆ ಕಡೆ. ಒಪ್ಪಿಗೆ ಪಡೆದು ಕಾರು ಒಯ್ದವನು ವಿಮೆಯ ಕಣ್ಣಿಗೆ ಮಾಲೀಕನ ಜಾಗದಲ್ಲೇ ನಿಂತವನು. ಎದುರಿನವರಿಗೆ ಪರಿಹಾರ ಕೊಡುವಾಗ ಇದು ಅವನನ್ನು ಕಾಯುತ್ತದೆ. ಅವನದೇ ಕೈಕಾಲು ಮುರಿದಾಗ ಇದೇ ಕುತ್ತಿಗೆಗೆ ಬರುತ್ತದೆ.

ಗುದ್ದಿದ ದಿನ ಮಾಡಬೇಕಾದ್ದು

ಗಾಯಾಳುಗಳಿದ್ದರೆ ಮೊದಲು 108 ಅಥವಾ 112. ಮೋಟಾರು ವಾಹನ ಕಾಯ್ದೆಯ 134ನೇ ಕಲಮಿನ ಪ್ರಕಾರ ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು, ಪೊಲೀಸರಿಗೆ ಆದಷ್ಟು ಬೇಗ, ತಡವೆಂದರೆ 24 ಗಂಟೆಯೊಳಗೆ ತಿಳಿಸುವುದು, ವಿಮಾ ಕಂಪನಿಗೆ ಲಿಖಿತ ಮಾಹಿತಿ ಕೊಡುವುದು, ಮೂರೂ ಚಾಲಕನ ಹೊಣೆ. ಜನ ಸೇರಿ ಹೊಡೆಯುವ ಸ್ಥಿತಿಯಿದ್ದರೆ ನೇರವಾಗಿ ಠಾಣೆಗೆ ಹೋಗಿ. ಓಡಿಹೋಗುವುದು ಬೇರೆ, ಠಾಣೆಗೆ ಹೋಗುವುದು ಬೇರೆ. ಆಸ್ಪತ್ರೆಯಲ್ಲಿ ಮುಂಗಡ ಕೇಳಿದರೆ, 2025ರ ಮೇ ತಿಂಗಳಿಂದ ಜಾರಿಯಲ್ಲಿರುವ ನಗದುರಹಿತ ಚಿಕಿತ್ಸಾ ಯೋಜನೆಯನ್ನು ನೆನಪಿಸಿ: ರಸ್ತೆ ಅಪಘಾತದ ಗಾಯಾಳುವಿಗೆ ಮೊದಲ 7 ದಿನ, 1.5 ಲಕ್ಷ ರೂಪಾಯಿವರೆಗೆ. ತಪ್ಪು ಯಾರದೆಂಬುದು ಅಲ್ಲಿ ಲೆಕ್ಕಕ್ಕಿಲ್ಲ.

ಗಾಡಿ ಸರಿಸುವ ಮುನ್ನ ಫೋಟೊ ತೆಗೆಯಿರಿ. ಎರಡೂ ನಂಬರ್ ಪ್ಲೇಟ್ ಒಂದೇ ಚೌಕಟ್ಟಿನಲ್ಲಿ ಬರುವಂತೆ ಒಂದು, ರಸ್ತೆಯ ಮೇಲಿನ ಟೈರ್ ಗುರುತು ಒಂದು, ರಸ್ತೆ ವಿಭಜಕವೋ ಮೈಲಿಗಲ್ಲೋ ಕಾಣುವಂತೆ ದೂರದಿಂದ ಒಂದು. ಡೆಂಟಿನ ಹತ್ತಿರದ ಫೋಟೊ ಇಪ್ಪತ್ತಿದ್ದರೂ ದೂರದ ಒಂದು ಫೋಟೊ ಇಲ್ಲದಿದ್ದರೆ ಯಾರು ಯಾವ ಲೇನಿನಲ್ಲಿದ್ದರು ಎಂಬುದು ಮುಂದೆ ಬಾಯಿಮಾತಿನ ಜಗಳವಾಗುತ್ತದೆ.

ಮುಂಭಾಗ ಗುದ್ದಿದ್ದರೆ, ಕೆಳಗೆ ನೀರೋ ಆಯಿಲೋ ತೊಟ್ಟಿಕ್ಕುತ್ತಿದ್ದರೆ ಸ್ಟಾರ್ಟ್ ಮಾಡಲೇಬೇಡಿ. ರೇಡಿಯೇಟರ್ ಒಡೆದದ್ದಕ್ಕೆ ವಿಮೆ ಬರುತ್ತದೆ. ಒಡೆದ ಮೇಲೂ ನಾಲ್ಕು ಕಿಲೋಮೀಟರ್ ಓಡಿಸಿ ಎಂಜಿನ್ ಸೀಜ್ ಆದದ್ದಕ್ಕೆ ಬರುವುದಿಲ್ಲ. ಟೋಯಿಂಗ್ ಖರ್ಚಿಗೆ ಪ್ಯಾಕೇಜ್ ಪಾಲಿಸಿಯಲ್ಲಿ (ಎದುರಿನವರ ನಷ್ಟದ ಜೊತೆಗೆ ಕಾರಿನ ಸ್ವಂತ ಹಾನಿಯನ್ನೂ ಹೊರುವ ಪಾಲಿಸಿ) ಖಾಸಗಿ ಕಾರಿಗೆ 1,500 ರೂಪಾಯಿವರೆಗೆ ಸಿಗುತ್ತದೆ, ರಸೀದಿ ಇಟ್ಟುಕೊಳ್ಳಿ.

ಆಮೇಲೆ ಮಾಲೀಕರಿಗೆ ಫೋನ್. ಮುಜುಗರವೆಂದು ರಾತ್ರಿವರೆಗೆ ಮುಂದೂಡಬೇಡಿ. ವಿಮೆಯ ಒಪ್ಪಂದ ಇರುವುದು ಅವರ ಮತ್ತು ಕಂಪನಿಯ ನಡುವೆ, ಆದ್ದರಿಂದ ಕ್ಲೇಮ್ ನೋಂದಣಿ ಅವರ ಕಡೆಯಿಂದಲೇ ಆಗಬೇಕು. ಕ್ಲೇಮ್ ಫಾರಂಗೆ ಸಹಿ ಅವರದು, ಚಾಲಕನ ಹೆಸರು ಮತ್ತು ಡಿಎಲ್ ಸಂಖ್ಯೆ ನಿಮ್ಮದು. ಕಂಪನಿಯ ಪರವಾಗಿ ಹಾನಿ ಅಳೆಯುವ ಸರ್ವೇಯರ್ ಬಂದು ನೋಡುವ ಮುನ್ನ ಗ್ಯಾರೇಜಿನಲ್ಲಿ ಒಂದು ಬೋಲ್ಟನ್ನೂ ಬಿಚ್ಚಿಸಬೇಡಿ. ಪೊಲೀಸ್ ಕೇಸಾಗಿದ್ದರೆ ಅದಕ್ಕೂ ಮೊದಲು ಮೋಟಾರು ವಾಹನ ನಿರೀಕ್ಷಕರ ತಪಾಸಣೆ ಮುಗಿಯಬೇಕು.

ಇಲ್ಲೇ ಬಹಳ ಜನ ಎಡವುತ್ತಾರೆ. 'ಮಾಲೀಕರೇ ಓಡಿಸುತ್ತಿದ್ದರು ಎಂದು ಬರೆದುಬಿಡೋಣ, ರಗಳೆ ಇರಲ್ಲ' ಎಂದು ಯಾರೋ ಹಿತೈಷಿ ಹೇಳುತ್ತಾರೆ. ಆ ಸುಳ್ಳಿನ ಅಗತ್ಯವೇ ಇಲ್ಲ. ಡಿಎಲ್ ಇರುವ ಎರವಲು ಚಾಲಕನ ಕ್ಲೇಮ್ ಪೂರ್ತಿ ಊರ್ಜಿತ. ಸುಳ್ಳು ಬರೆದರೆ ಮಾತ್ರ ಕೆಡುತ್ತದೆ. ಆಸ್ಪತ್ರೆಯ ದಾಖಲೆ, ಎಫ್‌ಐಆರ್, ಟೋಲ್ ಕ್ಯಾಮೆರಾ, ಮೊಬೈಲ್ ಟವರ್, ಇಷ್ಟರಲ್ಲಿ ಯಾವುದಾದರೊಂದು ಬೇರೆ ಹೆಸರು ಹೇಳಿದರೂ ಕಂಪನಿ ಕ್ಲೇಮ್ ತಿರಸ್ಕರಿಸುತ್ತದೆ, ಮೇಲೆ ವಂಚನೆಯ ಆರೋಪ ಬೇರೆ. ಯಾರು ಓಡಿಸುತ್ತಿದ್ದರು ಎಂದು ಪೊಲೀಸರು ಕೇಳಿದರೆ ತಿಳಿಸುವುದು 133ನೇ ಕಲಮಿನಡಿ ಮಾಲೀಕರ ಕರ್ತವ್ಯ ಎಂಬುದೂ ನೆನಪಿರಲಿ.

ತಪ್ಪು ನಿರ್ಧಾರವಾಗುವ ಬಗೆ

ಎರಡು ದಾರಿಗಳಿವೆ, ಎರಡನ್ನೂ ಬೆರೆಸಬೇಡಿ. ಕ್ರಿಮಿನಲ್ ಪ್ರಕರಣ ಓಡಿಸಿದವನ ಮೇಲೆ ಮಾತ್ರ: ಭಾರತೀಯ ನ್ಯಾಯ ಸಂಹಿತೆಯಲ್ಲಿ ಅಜಾಗರೂಕ ಚಾಲನೆಗೆ 281, ಗಾಯಕ್ಕೆ 125, ಸಾವಾದರೆ 106(1). ಅದನ್ನು ಯಾವ ವಿಮೆಯೂ ಹೊರುವುದಿಲ್ಲ, ದಂಡವನ್ನೂ ಕಟ್ಟುವುದಿಲ್ಲ.

ಪರಿಹಾರದ ಪ್ರಕರಣ ನಡೆಯುವುದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ. ಅಲ್ಲಿ ಸಂಶಯಾತೀತ ಸಾಕ್ಷ್ಯ ಬೇಕಿಲ್ಲ. ಯಾವುದು ಹೆಚ್ಚು ಸಂಭವನೀಯವೋ ಅದರ ಮೇಲೆ ತೀರ್ಮಾನ. ಎಫ್‌ಐಆರಿನಲ್ಲಿ ನಿಮ್ಮ ಹೆಸರಿದ್ದ ಮಾತ್ರಕ್ಕೆ ಎಲ್ಲ ಮುಗಿಯಿತೆಂದಲ್ಲ. ಸ್ಥಳ ಮಹಜರು, ನಕ್ಷೆ, ನಿರೀಕ್ಷಕರ ವರದಿಗಳನ್ನೂ ನ್ಯಾಯಮಂಡಳಿ ತೂಗುತ್ತದೆ. ಮಹಜರಿನ ನಕ್ಷೆಯಲ್ಲಿ ರಸ್ತೆಯ ಅಗಲ ಮತ್ತು ಗುದ್ದಿದ ಜಾಗ ತಪ್ಪಾಗಿದ್ದರೆ ತಿದ್ದಿಸಲು ಅಂದೇ ಕೇಳಿ. ಎರಡು ವರ್ಷದ ನಂತರ ಪಾಟೀ ಸವಾಲಿನಲ್ಲಿ ಅದನ್ನು ಸರಿಪಡಿಸುವುದು ಕಷ್ಟ. ತಪ್ಪು ಹಂಚಿಹೋಗುವುದೂ ಉಂಟು. ಎದುರಿನ ಬೈಕ್ ಸವಾರನದು ನೂರಕ್ಕೆ 30 ಪಾಲು ತಪ್ಪೆಂದಾದರೆ 10 ಲಕ್ಷದ ಪರಿಹಾರ 7 ಲಕ್ಷಕ್ಕಿಳಿಯುತ್ತದೆ.

ಅರ್ಜಿ ಹಾಕುವವರು ಸಾಮಾನ್ಯವಾಗಿ ಚಾಲಕ, ಮಾಲೀಕ, ವಿಮಾ ಕಂಪನಿ ಮೂವರನ್ನೂ ಪ್ರತಿವಾದಿ ಮಾಡುತ್ತಾರೆ. 2022ರ ಏಪ್ರಿಲ್ 1ರಿಂದ ಇದಕ್ಕೆ ಅಪಘಾತದ ದಿನದಿಂದ 6 ತಿಂಗಳ ಗಡುವಿದೆ. ನೋಟಿಸ್ ಬಂದಾಗ 'ಇನ್ಶೂರೆನ್ಸ್‌ನವರು ನೋಡಿಕೊಳ್ಳುತ್ತಾರೆ' ಎಂದು ಸುಮ್ಮನೆ ಕೂರಬೇಡಿ. ಕಂಪನಿಯ ವಕೀಲರು ಕಂಪನಿಯನ್ನು ಕಾಯುತ್ತಾರೆ, ನಿಮ್ಮನ್ನಲ್ಲ. ಡಿಎಲ್ ಸರಿಯಿಲ್ಲವೆಂದು ವಾದಿಸುವವರೂ ಅವರೇ. ಡಿಎಲ್ ಪ್ರತಿಯೊಂದಿಗೆ ಹಾಜರಾಗಿ. ಯಾರ ತಪ್ಪೆಂದು ಸಾಬೀತುಪಡಿಸಲಾಗದ ಕುಟುಂಬಕ್ಕೆ 164ನೇ ಕಲಮಿದೆ: ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ, ತಪ್ಪಿನ ಮಾತೇ ಇಲ್ಲ.

ವಿಮೆ ಎಲ್ಲಿವರೆಗೆ

ಎದುರಿನವರ ಸಾವುನೋವಿಗೆ ಥರ್ಡ್ ಪಾರ್ಟಿ ವಿಮೆಯಲ್ಲಿ ಮೊತ್ತದ ಮಿತಿಯಿಲ್ಲ, ನ್ಯಾಯಮಂಡಳಿ ಎಷ್ಟು ಹೇಳಿದರೆ ಅಷ್ಟು. ಅವರ ಆಸ್ತಿಗೆ, ಅಂದರೆ ಕಾರು, ಗೋಡೆ, ಅಂಗಡಿ ಮುಂಗಟ್ಟಿಗೆ, ಖಾಸಗಿ ಕಾರಿನ ಪಾಲಿಸಿಯಲ್ಲಿ ಸಾಮಾನ್ಯವಾಗಿ 7.5 ಲಕ್ಷ. ಕೆಲವರು ಪ್ರೀಮಿಯಂ ಉಳಿಸಲು ಇದನ್ನು 6,000ಕ್ಕೆ ಇಳಿಸಿರುತ್ತಾರೆ. ಆಗ ಉಳಿದದ್ದು ನೀವು ಮತ್ತು ಮಾಲೀಕರು ಭರಿಸಬೇಕಾದ್ದು.

ಕಾರಿನ ಸ್ವಂತ ರಿಪೇರಿಗೆ ಪ್ಯಾಕೇಜ್ ಪಾಲಿಸಿಯೇ ಬೇಕು. ಇಲ್ಲೊಂದು ಮೋಸಹೋಗುವ ಜಾಗವಿದೆ. 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ 3 ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ, ಆದರೆ ಸ್ವಂತ ಹಾನಿಯ ಭಾಗ ಹಲವರಲ್ಲಿ 1 ವರ್ಷಕ್ಕಷ್ಟೇ ಇರುತ್ತದೆ. ಮಾಲೀಕರು 'ಇನ್ಶೂರೆನ್ಸ್ ಇನ್ನೂ ಇದೆಯಲ್ಲ' ಎನ್ನುವಾಗ ಸುಳ್ಳು ಹೇಳುತ್ತಿಲ್ಲ, ಎರಡು ದಿನಾಂಕಗಳಲ್ಲಿ ಒಂದನ್ನಷ್ಟೇ ನೋಡಿರುತ್ತಾರೆ.

ಪ್ಯಾಕೇಜ್ ಇದ್ದರೂ ಪೂರ್ತಿ ಬಿಲ್ ಬರುವುದಿಲ್ಲ. ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ನೂರಕ್ಕೆ 50 ಪಾಲು ಸವಕಳಿ ಕಡಿತ, ಗಾಜಿಗೆ ಕಡಿತವಿಲ್ಲ, ಲೋಹದ ಭಾಗಕ್ಕೆ ಗಾಡಿಯ ವಯಸ್ಸಿನ ಮೇಲೆ: 1ರಿಂದ 2 ವರ್ಷಕ್ಕೆ 10 ಪಾಲು, 3ರಿಂದ 4ಕ್ಕೆ 25, 4ರಿಂದ 5ಕ್ಕೆ 35, 5ರಿಂದ 10ಕ್ಕೆ 40. ಪ್ರತಿ ಕ್ಲೇಮಿನಲ್ಲೂ ಕೈಯಿಂದಲೇ ಹೋಗುವ ಕಡ್ಡಾಯ ಕಡಿತ 1500 ಸಿಸಿವರೆಗೆ 1,000 ರೂಪಾಯಿ, ಅದಕ್ಕೂ ದೊಡ್ಡದಕ್ಕೆ 2,000. ನಾಲ್ಕೂವರೆ ವರ್ಷದ 1200 ಸಿಸಿ ಕಾರು, ಬಂಪರು ಇತ್ಯಾದಿ ಪ್ಲಾಸ್ಟಿಕ್ 20,000, ಬಾನೆಟ್ಟು ಮತ್ತು ಫೆಂಡರ್ 30,000, ಗಾಜು 8,000, ಕೂಲಿ 12,000 ಎಂದಿಟ್ಟುಕೊಳ್ಳಿ. ಬಣ್ಣ, ಜಿಎಸ್‌ಟಿ ಬಿಟ್ಟು ಬಿಲ್ 70,000. ಕಂಪನಿ ಕೊಡುವುದು 10,000, 19,500, 8,000, 12,000, ಒಟ್ಟು 49,500ರಲ್ಲಿ 1,000 ಕಳೆದು 48,500. ಜೇಬಿನಿಂದ 21,500. ಜೀರೋ ಡೆಪ್ರಿಸಿಯೇಷನ್ ಎಂಬ ಆಡ್-ಆನ್ (ಹೆಚ್ಚುವರಿ ರಕ್ಷಣೆ) ಇದ್ದರೆ ಈ ಸವಕಳಿಯ ಹೊಡೆತ ತಪ್ಪುತ್ತದೆ.

ಬಿಲ್ಲಿನಲ್ಲಿ ಕಾಣದ ನಷ್ಟವೊಂದಿದೆ, ನೋ ಕ್ಲೇಮ್ ಬೋನಸ್. ಕ್ಲೇಮ್ ಮಾಡದ ವರ್ಷಗಳಿಗೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ ಅದು, ಮಾಲೀಕರ ಸಂಪಾದನೆ. ನೂರಕ್ಕೆ 20, 25, 35, 45, 50 ಎಂದು ಐದು ವರ್ಷ ಕ್ಲೇಮ್ ಮಾಡದೆ ಕೂಡಿದ್ದು. ಒಂದು ಕ್ಲೇಮಿಗೆ ಸೊನ್ನೆಗಿಳಿಯುತ್ತದೆ. 50ರಲ್ಲಿದ್ದವರು ಮತ್ತೆ ಮೇಲೇರುವಾಗ ವರ್ಷವರ್ಷ ಕಳೆದುಕೊಳ್ಳುವುದು 50, 30, 25, 15, 5, ಒಟ್ಟು 125 ಪಾಲು. ಬೋನಸ್ ಕಳೆಯುವ ಮುಂಚಿನ ಸ್ವಂತ ಹಾನಿಯ ಪ್ರೀಮಿಯಂ 12,000 ಇದ್ದು ಹಾಗೇ ಉಳಿದರೆ ಐದು ನವೀಕರಣಗಳಲ್ಲಿ 15,000 ರೂಪಾಯಿ. ಗಾಡಿ ಹಳೆಯದಾದಂತೆ ಪ್ರೀಮಿಯಂ ಇಳಿಯುವುದರಿಂದ ವಾಸ್ತವದಲ್ಲಿ ಇಷ್ಟು ಆಗದಿರಬಹುದು, ಆದರೂ 12,000ದ ಬಂಪರ್ ರಿಪೇರಿಗೆ ಕ್ಲೇಮ್ ಮಾಡುವುದು ಜಾಣತನವಲ್ಲ. ಕೈಯಿಂದ ಕೊಟ್ಟು ಮುಗಿಸಿ. ಬೋನಸ್ ರಕ್ಷಣೆಯ ಆಡ್-ಆನ್ ಇದ್ದರೆ ಲೆಕ್ಕ ಬೇರೆ.

ಕಾರಿನಲ್ಲಿ ಜೊತೆಗಿದ್ದವರಿಗೆ? ಪ್ಯಾಕೇಜ್ ಪಾಲಿಸಿಯಾದರೆ ಖಾಸಗಿ ಕಾರಿನ ಪ್ರಯಾಣಿಕರಿಗೂ ಕಂಪನಿ ಹೊಣೆ. ಸುಪ್ರೀಂ ಕೋರ್ಟ್ 2012ರಲ್ಲಿ ಈ ವ್ಯತ್ಯಾಸವನ್ನು ಸ್ಪಷ್ಟಪಡಿಸಿತು. ಬರೀ ಥರ್ಡ್ ಪಾರ್ಟಿ ಪಾಲಿಸಿಯಾದರೆ ಅವರು ಹೊರಗುಳಿಯುತ್ತಾರೆ.

ಇನ್ನು ನಿಮಗೆ. ಇಳಕಲ್‌ನಿಂದ ತನ್ನೂರಿಗೆ ಹೊರಟ ಒಬ್ಬರು ಬೇರೆಯವರ ಬೈಕಿನಲ್ಲಿ, ಮುಂದೆ ಹೋಗುತ್ತಿದ್ದು ಥಟ್ಟನೆ ನಿಂತ ಎತ್ತಿನಗಾಡಿಗೆ ಗುದ್ದಿ ತೀರಿಕೊಂಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿದ್ದು ಇದೇ: ಎರವಲು ಪಡೆದವನು ಮಾಲೀಕನ ಪಾದರಕ್ಷೆಯಲ್ಲಿ ಕಾಲಿಟ್ಟವನು, ಮಾಲೀಕ ತನ್ನ ಮೇಲೆ ತಾನೇ ಪರಿಹಾರ ಕೇಳಲಾಗದಂತೆ ಅವನ ಕುಟುಂಬವೂ ತಪ್ಪು ಸಾಬೀತುಪಡಿಸದೆ ಪರಿಹಾರ ಕೇಳುವ ಅಂದಿನ 163ಎ ಕಲಮಿನಡಿ ಆ ಬೈಕಿನ ವಿಮೆಯಿಂದ ಕೇಳಲಾಗದು. 2020ರಲ್ಲಿ ಮತ್ತೊಮ್ಮೆ ಅದೇ ತತ್ವ ಎತ್ತಿಹಿಡಿಯಿತು. ಪಾಲಿಸಿಯಲ್ಲಿರುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಮಾಲೀಕ-ಚಾಲಕರ ಹೆಸರಿನದು, ಅದನ್ನು ನಂಬಿ ಕೂರಬೇಡಿ. ನಿಮ್ಮ ಸ್ವಂತ ಆರೋಗ್ಯ ವಿಮೆ, ಅಪಘಾತ ವಿಮೆ, ಕಂಪನಿ ಕೊಟ್ಟ ಗುಂಪು ವಿಮೆ ಇದ್ದರೆ ಅವೇ ಆಸರೆ. ತಪ್ಪು ಎದುರಿನ ಗಾಡಿಯದಾಗಿದ್ದರೆ ಮಾತ್ರ ಚಿತ್ರ ಬೇರೆ. ಆ ಗಾಡಿಯ ವಿಮೆಯಿಂದ ಎಲ್ಲರಂತೆ ನೀವೂ ಪೂರ್ತಿ ಕೇಳಬಹುದು.

ಕ್ಲೇಮ್ ಬೀಳುವ ಜಾಗಗಳು

ಅವಧಿ ಮುಗಿದ ಡಿಎಲ್. ಮೊದಲಿದ್ದ 30 ದಿನದ ರಿಯಾಯಿತಿಯನ್ನು 2019ರ ತಿದ್ದುಪಡಿ ತೆಗೆದುಹಾಕಿದೆ. ಎಲ್‌ಎಲ್ (ಕಲಿಕಾ ಪರವಾನಗಿ) ಇರುವವರು ಪಕ್ಕದಲ್ಲಿ ಡಿಎಲ್ ಇರುವ ಬೋಧಕರಿಲ್ಲದೆ, ಹಿಂದೆ ಮುಂದೆ 'ಎಲ್' ಫಲಕವಿಲ್ಲದೆ ಓಡಿಸುವುದು. ಮದ್ಯ: 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಸ್ವಂತ ಹಾನಿಯ ಕ್ಲೇಮ್ ಸತ್ತಂತೆಯೇ. ಬಿಳಿ ನಂಬರ್ ಪ್ಲೇಟಿನ ಖಾಸಗಿ ಕಾರಿಗೆ ದಿನಕ್ಕಿಷ್ಟೆಂದು ಹಣ ಕೊಟ್ಟು ಒಯ್ದಿದ್ದರೆ ಅದು ಎರವಲಲ್ಲ, ಬಾಡಿಗೆ. ಪಾಲಿಸಿಯ ಬಳಕೆಯ ಮಿತಿಯೇ ಮುರಿಯಿತು. ಗೆಳೆಯ ಸೆಕೆಂಡ್‌ಹ್ಯಾಂಡ್ ಕೊಂಡು ಪಾಲಿಸಿ ಹಳೆಯ ಮಾಲೀಕರ ಹೆಸರಲ್ಲೇ ಬಿಟ್ಟಿದ್ದರೂ ಸ್ವಂತ ಹಾನಿಗೆ ಏನೂ ಬರುವುದಿಲ್ಲ. ವರ್ಗಾವಣೆಗೆ 14 ದಿನದ ಅವಧಿ ಇರುವುದು ಅದಕ್ಕೇ.

ಇಂಥ ಕಡೆ ಎದುರಿನ ಗಾಯಾಳುವಿನ ಕೈ ಬಿಡದಂತೆ ಕೋರ್ಟುಗಳು ಅನೇಕ ಬಾರಿ 'ಕಂಪನಿ ಮೊದಲು ಕೊಡಲಿ, ಆಮೇಲೆ ವಸೂಲಿ ಮಾಡಲಿ' ಎನ್ನುತ್ತವೆ. ವಸೂಲಿ ಯಾರಿಂದ? ಮಾಲೀಕರಿಂದ. ಕೀ ಕೊಡುವವರು ಈ ಒಂದು ಮಾತಿಗಾಗಿಯಾದರೂ ಡಿಎಲ್ ಕೇಳಿ ನೋಡಬೇಕು. ಡಿಜಿಲಾಕರಿನಲ್ಲಿ ಎರಡು ನಿಮಿಷದ ಕೆಲಸ. ಡಿಎಲ್ ಇಲ್ಲದವರಿಗೆ ಗಾಡಿ ಕೊಟ್ಟರೆ 5,000 ರೂಪಾಯಿ ದಂಡ ಅಥವಾ 3 ತಿಂಗಳ ಜೈಲು ಅಥವಾ ಎರಡೂ. ಅಪ್ರಾಪ್ತರ ಕೈಗೆ ಕೊಟ್ಟು ಅವರು ಅಪರಾಧವೆಸಗಿದರೆ 3 ವರ್ಷದವರೆಗೆ ಜೈಲು, 25,000 ದಂಡ, 12 ತಿಂಗಳು ನೋಂದಣಿ ರದ್ದು.

ನೀವಿಬ್ಬರೇ ಕೂತು ಲೆಕ್ಕ ಹಾಕುವಾಗ

ವಿಮೆ ಕೊಡದೆ ಉಳಿಸಿದ್ದನ್ನು ಯಾರು ಭರಿಸಬೇಕು ಎಂಬುದಕ್ಕೆ ಮೋಟಾರು ಕಾಯ್ದೆಯಲ್ಲಿ ಉತ್ತರವಿಲ್ಲ, 1872ರ ಕರಾರು ಕಾಯ್ದೆಯಲ್ಲಿದೆ. 151ನೇ ಕಲಮು: ತನ್ನದೇ ವಸ್ತುವನ್ನು ವಿವೇಕಿಯೊಬ್ಬ ನೋಡಿಕೊಳ್ಳುವಷ್ಟು ಜೋಪಾನ ಸಾಕು, ಅಷ್ಟು ಮಾಡಿಯೂ ಹಿಂದಿನಿಂದ ಲಾರಿ ಗುದ್ದಿದರೆ ಎರವಲು ಪಡೆದವನ ಮೇಲೆ ಹೊಣೆಯಿಲ್ಲ. 154: ಮೈಸೂರಿಗೆಂದು ಕೇಳಿ ಗೋವಾಕ್ಕೆ ಒಯ್ದಿದ್ದರೆ ಜೋಪಾನವಾಗಿ ಓಡಿಸಿದ್ದರೂ ಹಾನಿ ಅವನದೇ. 150 ಮಾಲೀಕರ ಕಡೆಗೆ ತಿರುಗುತ್ತದೆ: ಬ್ರೇಕ್ ಹಿಡಿಯುತ್ತಿಲ್ಲವೆಂದು ಗೊತ್ತಿದ್ದೂ ಹೇಳದೆ ಕೀ ಕೊಟ್ಟಿದ್ದರೆ ಅದರಿಂದಾದ ನಷ್ಟಕ್ಕೆ ಅವರೇ ಬಾಧ್ಯರು. ತಪ್ಪು ನಿಮ್ಮದಾಗಿದ್ದರೆ ಮೂರು ಬಾಬ್ತು ಕೊಡುವುದು ನ್ಯಾಯ: ಸವಕಳಿಯ ಕಡಿತ, ಕಡ್ಡಾಯ ಕಡಿತ, ಹೋದ ಬೋನಸ್. ಮೂರನೆಯದನ್ನು ಸಂಕೋಚಕ್ಕೆ ಮಾಲೀಕರು ಕೇಳುವುದಿಲ್ಲ, ನೀವೇ ಎತ್ತಿ. ಕೊಟ್ಟದ್ದನ್ನು ಬ್ಯಾಂಕ್ ಮೂಲಕ ಕೊಟ್ಟು, 'ಅಪಘಾತದ ರಿಪೇರಿ ಬಾಬ್ತು' ಎಂದು ಬರೆಯಿರಿ, ಮುಂದೆ ಯಾರೂ ಅದನ್ನು ಬಾಡಿಗೆ ಎನ್ನಬಾರದು.

ಕಂಪನಿ ಕ್ಲೇಮ್ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಪಡೆಯಿರಿ, ಯಾವ ಷರತ್ತು ಮುರಿಯಿತೆಂದು ಅದರಲ್ಲಿರಬೇಕು. ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ದೂರು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್ (ವಿಮೆಯ ದೂರು ವಿಚಾರಿಸುವ ಅಧಿಕಾರಿ) ಬಳಿ ಹೋಗಬಹುದು; ಬೆಂಗಳೂರಿನಲ್ಲಿ ಕಚೇರಿಯಿದೆ, ಶುಲ್ಕವಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷದವರೆಗಿನ ವ್ಯಾಜ್ಯ ನೋಡುತ್ತಾರೆ. ಆ ದೂರಿಗೂ ಸಹಿ ಹಾಕಬೇಕಾದವರು ಪಾಲಿಸಿದಾರರೇ, ಆದ್ದರಿಂದ ಕಾಗದಪತ್ರ ನೀವು ಸಿದ್ಧಪಡಿಸಿ ಅವರ ಮುಂದಿಡಿ.